ಚಿಲಕವಿಲ್ಲದ ಬಾಗಿಲಿಗೆ ಪೂರ್ಣಾಂಕ

ಮಾಧ್ಯಮಿಕ ತರಗತಿಯ ಮಕ್ಕಳಿಗೆ ಬಾಯಿ ಇದೆ ಎಂಬುದನ್ನು ಶಿಕ್ಷಣ ಇಲಾಖೆಯು ಕಳೆದ ವರ್ಷ ಅಧಿಕೃತವಾಗಿ ಒಪ್ಪಿಕೊಂಡಿತು. ಅಲ್ಲಿಯವರೆಗೆ ಸದರಿ ಬಾಯಿಯು ಪದ್ಯ ಒಪ್ಪಿಸಲು ಮತ್ತು ಮುಚ್ಚಿಕೊಂಡಿರಲು ಮಾತ್ರ ಬಳಕೆಯಲ್ಲಿತ್ತು. ಹೊಸ ಸುತ್ತೋಲೆಯ ಪ್ರಕಾರ ಏಳನೇ ತರಗತಿಗೆ ‘ವಾದ, ಮನವೊಲಿಕೆ ಮತ್ತು ವ್ಯಾಕರಣ’ ಎಂಬ ವಿಷಯವನ್ನು ಕಡ್ಡಾಯಗೊಳಿಸಲಾಯಿತು. ಮಗುವು ತನಗೆ ಬೇಕಾದುದನ್ನು ಅಳದೆ, ಹಟ ಹಿಡಿಯದೆ, ಸಕಾರಣವಾಗಿ, ತಪ್ಪಿಲ್ಲದ ವಾಕ್ಯಗಳಲ್ಲಿ ಕೇಳಲು ಕಲಿಯಬೇಕು ಎಂಬುದು ಇದರ ಗುರಿ. ಕೇಳಿದ್ದನ್ನು ಕೊಡಬೇಕೇ ಎಂಬ ಬಗ್ಗೆ ಸುತ್ತೋಲೆ ಮೌನವಾಗಿದೆ. ಮೌನವಾಗಿರುವ ಸುತ್ತೋಲೆಯನ್ನು ಮಾತಾಡಿಸಬಾರದು ಎಂಬುದು ನಮ್ಮ ಶಾಲೆಯ ಹೆಡ್‌ಮಾಸ್ಟರ ಸುದೀರ್ಘ ಸೇವಾನುಭವ.

ವಿಷಯವನ್ನು ಭಾಷಾ ಮೇಷ್ಟ್ರಿಗೆ ವಹಿಸಲಾಯಿತು. ಇವರು ಜೀವನದಲ್ಲಿ ಒಂದು ವಾದವನ್ನೂ ಸೋತವರಲ್ಲ. ಎದುರಿನವರ ವಾಕ್ಯದಲ್ಲಿ ತಪ್ಪು ಸಿಕ್ಕಿದ ಕೂಡಲೇ ವಾದ ಮುಗಿಯಿತೆಂದು ಎದ್ದುಹೋಗುವುದು ಅವರ ಪದ್ಧತಿ. ಈ ಕಾರಣದಿಂದ ಅವರ ಹೆಂಡತಿ ಮದುವೆಯಾದ ಎರಡನೇ ವರ್ಷದಿಂದ ಕೈಸನ್ನೆಯಲ್ಲೇ ಸಂಸಾರ ನಡೆಸುತ್ತಿದ್ದರು.

ಮೊದಲ ತರಗತಿಯಲ್ಲಿ ಮೇಷ್ಟ್ರು ಕೇಳಿದರು: “ನಿಮಗೆಲ್ಲ ಏನೇನು ಬೇಕು? ಒಬ್ಬೊಬ್ಬರಾಗಿ ಹೇಳಿ.”

ಒಬ್ಬ ರಜೆ ಕೇಳಿದ. ಇನ್ನೊಬ್ಬ ಚೆಂಡು ಕೇಳಿದ. ಮೂರನೆಯವನು ಪಕ್ಕದವನನ್ನು ಬೇರೆ ಕಡೆ ಕೂರಿಸಬೇಕೆಂದು ಕೇಳಿದ. ಆಗ ಕಿಟಕಿಯ ಪಕ್ಕದಿಂದ ವಕೀಲಮ್ಮ ಎದ್ದು ನಿಂತಳು. ಬಸ್ಸಿನ ಕಂಡಕ್ಟರನ ಹತ್ತಿರ ವಾದ ಮಾಡಿ ಅವನ ಸೀಟಿನಲ್ಲೇ ಕೂತು ಬಂದ ದಿನದಿಂದ ತರಗತಿ ಅವಳನ್ನು ಹಾಗೆ ಕರೆಯುತ್ತಿತ್ತು.

“ಸಾರ್, ಹುಡುಗೀರ ಟಾಯ್ಲೆಟ್ಟಿಗೆ ಒಳಗಡೆ ಚಿಲಕ ಇಲ್ಲ.”

ಇದು ನಿಜ. ಚಿಲಕವಿದ್ದ ಜಾಗದಲ್ಲಿ ನಾಲ್ಕು ತೂತುಗಳಿದ್ದವು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗಿನಿಂದ ಬಾಗಿಲನ್ನು ಎಳೆದು ಹಿಡಿದು ನಿಲ್ಲಬೇಕು. ಹಿಡಿಯುವ ಗೆಳತಿ ರಜೆ ಹಾಕಿದ ದಿನ ವಕೀಲಮ್ಮ ಬೆಳಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯುತ್ತಿರಲಿಲ್ಲ. ಅವಳ ನೀರಿನ ಬಾಟಲಿ ಹೋದ ಹಾಗೇ ಮನೆಗೆ ವಾಪಸಾಗುತ್ತಿತ್ತು.

“ಇದು ದೂರು,” ಎಂದರು ಮೇಷ್ಟ್ರು. “ದೂರಿಗೆ ಅಂಕ ಇಲ್ಲ. ವಾದ ಮಾಡು. ಏನು ಬೇಕು, ಯಾಕೆ ಬೇಕು, ಆಧಾರ ಏನು, ಬೇಡ ಅನ್ನೋರು ಏನಂತಾರೆ, ಅವರಿಗೆ ನಿನ್ನ ಉತ್ತರ ಏನು. ಐದೂ ಇರಬೇಕು.”

“ಬೇಡ ಅನ್ನೋರು ಯಾರಿದಾರೆ ಸಾರ್?”

“ಹುಡುಕು. ಸಿಗ್ತಾರೆ.”

ವಕೀಲಮ್ಮ ವಾರವೆಲ್ಲ ಹುಡುಕಿದಳು. ಬೇಕು ಎಂಬುದಕ್ಕೆ ಕಾರಣಗಳು ಧಾರಾಳವಾಗಿದ್ದವು. ಆಧಾರವಾಗಿ ಬಾಗಿಲಿಗೆ ಬೆರಳು ಸಿಕ್ಕಿ ಉಗುರು ಕಪ್ಪಾಗಿದ್ದ ಗೆಳತಿಯನ್ನೇ ಕರೆತಂದಳು. ಮೇಷ್ಟ್ರು ಕನ್ನಡಕ ಏರಿಸಿ ಉಗುರನ್ನು ಪರಿಶೀಲಿಸಿ, ಆಧಾರವು ಸ್ಪಷ್ಟವಾಗಿಯೂ ಸಂಕ್ಷಿಪ್ತವಾಗಿಯೂ ಇದೆ ಎಂದು ಮೆಚ್ಚಿದರು. ಆದರೆ ಚಿಲಕ ಬೇಡ ಎನ್ನುವವರು ಮಾತ್ರ ಊರಲ್ಲೆಲ್ಲೂ ಸಿಗಲಿಲ್ಲ. ಪ್ರತಿವಾದವಿಲ್ಲದ ವಾದವು ನಿಯಮದಂತೆ ಅಪೂರ್ಣ. ಮಗುವಿನ ಭವಿಷ್ಯದ ಪ್ರಶ್ನೆಯಾದ್ದರಿಂದ ಹೆಡ್‌ಮಾಸ್ಟರು ಶಿಕ್ಷಕರ ತುರ್ತು ಸಭೆ ಕರೆದು, ಚಿಲಕದ ವಿರುದ್ಧ ಯೋಚಿಸುವಂತೆ ಎಲ್ಲರಿಗೂ ಸೂಚಿಸಿದರು.

“ಬಾಗಿಲು ಎಳೆದು ಹಿಡಿಯೋದು ತೋಳಿಗೆ ಒಳ್ಳೇ ವ್ಯಾಯಾಮ,” ಎಂದರು ಡ್ರಿಲ್ ಮೇಷ್ಟ್ರು. “ನಾನು ಹೇಳಿಕೊಟ್ಟರೆ ಮಾಡಲ್ಲ. ಅಲ್ಲಾದರೂ ಮಾಡ್ತಿದಾರೆ.”

“ಬರ್ಕೊಳ್ಳಿ.”

“ಒಳಗೆ ಹೋದೋಳು ಚಿಲಕ ಹಾಕ್ಕೊಂಡು ಗಣಿತದ ಪಿರಿಯಡ್ ಮುಗಿಯೋವರೆಗೂ ಹೊರಗೇ ಬರದಿದ್ದರೆ?” ಎಂದು ಗಣಿತದ ಟೀಚರು ಆತಂಕ ವ್ಯಕ್ತಪಡಿಸಿದರು.

“ಅದೂ ಬರ್ಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಚಿಲಕ ಹಾಕಿದರೆ ಮಕ್ಕಳಲ್ಲಿ ಪರಸ್ಪರ ನಂಬಿಕೆ ಹೋಗುತ್ತೆ,” ಎಂದರು ಹೆಡ್‌ಮಾಸ್ಟರು.

“ನಮ್ಮ ಸ್ಟಾಫ್ ಟಾಯ್ಲೆಟ್ಟಿಗೆ ಎರಡು ಚಿಲಕ ಇದೆಯಲ್ಲ ಸಾರ್?” ಎಂದು ಗಣಿತದ ಟೀಚರು ಕೇಳಿದರು.

“ನಮ್ಮಲ್ಲಿ ನಂಬಿಕೆ ಹೋಗಿ ಬಹಳ ಕಾಲ ಆಯ್ತಲ್ಲ.”

ಸಭೆ ಇದನ್ನು ಸರ್ವಾನುಮತದಿಂದ ಅಂಗೀಕರಿಸಿತು.

ಮರುದಿನ ವಕೀಲಮ್ಮ ಹೆಡ್‌ಮಾಸ್ಟರ ಕೊಠಡಿಯಲ್ಲಿ ನಿಂತು ಈ ಮೂರೂ ಪ್ರತಿವಾದಗಳನ್ನು ತರಕಾರಿ ಹೆಚ್ಚಿದಂತೆ ಹೆಚ್ಚಿಹಾಕಿದಳು. ತೋಳಿಗೆ ವ್ಯಾಯಾಮವಾದರೆ ಹುಡುಗರ ತೋಳಿಗೇಕೆ ಬೇಡ ಎಂದಳು. ಗಣಿತದ ಪಿರಿಯಡ್ಡನ್ನು ಅಲ್ಲಿನ ವಾಸನೆಯಲ್ಲಿ ಕಳೆಯಲು ಯಾರೂ ಬಯಸರು, ಗಣಿತ ಅಷ್ಟೇನೂ ಕೆಟ್ಟದಲ್ಲ ಎಂದಳು. ಕೊನೆಗೆ ದನಿ ತಗ್ಗಿಸಿ, “ನಂಬಿಕೆ ಇದೆ ಸಾರ್. ಗಾಳಿ ಬಂದರೆ ಬಾಗಿಲು ತೆರೆದುಕೊಳ್ಳುತ್ತೆ, ಗಾಳಿ ಮೇಲೆ ನಂಬಿಕೆ ಇಲ್ಲ” ಎಂದಳು.

ಹೆಡ್‌ಮಾಸ್ಟರು ನಿಯಮಾನುಸಾರ ಮೂರು ಸಲ ತಲೆಯಾಡಿಸಿ “ಒಪ್ಪಿದ್ದೇನೆ” ಎಂದು ಘೋಷಿಸಿದರು. ಭಾಷಾ ಮೇಷ್ಟ್ರು ಪೂರ್ಣಾಂಕ ನೀಡಿದರು. ಅವರ ಸೇವಾವಧಿಯಲ್ಲಿ ಇದು ಮೊದಲ ಪೂರ್ಣಾಂಕ.

“ಹಾಗಾದ್ರೆ ಯಾವಾಗ ಹಾಕಿಸ್ತೀರ ಸಾರ್?” ವಕೀಲಮ್ಮ ಕೇಳಿದಳು.

“ಏನನ್ನ?”

“ಚಿಲಕ.”

ಹೆಡ್‌ಮಾಸ್ಟರು ಭಾಷಾ ಮೇಷ್ಟ್ರ ಮುಖ ನೋಡಿದರು. ಭಾಷಾ ಮೇಷ್ಟ್ರು ಪಠ್ಯಕ್ರಮದ ಪುಟ ತಿರುವಿದರು. ಮನವೊಲಿಕೆಯ ಪಾಠವು ‘ಒಪ್ಪಿದ್ದೇನೆ’ ಎಂಬಲ್ಲಿಗೆ ಮುಗಿದು, ಮುಂದಿನ ಪುಟದಲ್ಲಿ ಲೇಖನ ಚಿಹ್ನೆಗಳು ಶುರುವಾಗಿದ್ದವು.

“ಮುಂದಕ್ಕೆ ಏನೂ ಇಲ್ಲಮ್ಮ,” ಎಂದರು ಮೇಷ್ಟ್ರು. ಅವರಿಗೂ ಸ್ವಲ್ಪ ಬೇಸರವಾದಂತಿತ್ತು.

ಮೂರನೇ ದಿನ ವಕೀಲಮ್ಮನ ತಾಯಿ ಬಂದರು. ಅವರು ಟೈಲರು. ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಹೊಸ ಚಿಲಕ, ನಾಲ್ಕು ಸ್ಕ್ರೂ, ಒಂದು ಸ್ಕ್ರೂಡ್ರೈವರ್.

“ನಿಮಗ್ಯಾಕೆ ತೊಂದರೆ ಸಾರ್, ನಾನೇ ಹಾಕಿ ಹೋಗ್ತೀನಿ. ತೂತು ಇದೆಯಂತಲ್ಲ, ಎರಡು ನಿಮಿಷದ ಕೆಲಸ.”

“ಏನಮ್ಮಾ ಇದು? ನಿಮ್ಮ ಮಗಳು ಇಷ್ಟು ಚೆನ್ನಾಗಿ ವಾದ ಮಾಡಿದಾಳೆ, ನೀವು ಬಲಪ್ರಯೋಗ ಮಾಡೋಕೆ ಬಂದಿದ್ದೀರಲ್ಲ!”

“ಬಲಪ್ರಯೋಗ ಅಲ್ಲ ಸಾರ್, ಸ್ಕ್ರೂಡ್ರೈವರ್.”

“ಮಕ್ಕಳ ಎದುರಿಗೆ ಇದೆಲ್ಲ ತೋರಿಸಬಾರದು. ಕಾರಣ ಕೊಡದೆ ಕೆಲಸ ಆಗಬಹುದು ಅನ್ನೋ ಕೆಟ್ಟ ಸಂದೇಶ ಹೋಗುತ್ತೆ.”

ಚಿಲಕವನ್ನು ಬೋಧನೋಪಕರಣವೆಂದು ಪರಿಗಣಿಸಿ ಶಾಲೆಯ ವಶಕ್ಕೆ ಪಡೆಯಲಾಯಿತು. ಅದನ್ನು ಕಪಾಟಿನಲ್ಲಿ ಭೂಗೋಳದ ಗೋಳ ಮತ್ತು ಗಾಜಿನ ಬಾಟಲಿಯಲ್ಲಿದ್ದ ಹಾವಿನ ನಡುವೆ ಇರಿಸಿ, ‘ಚಿಲಕ: ಮುಟ್ಟಬಾರದು’ ಎಂದು ಚೀಟಿ ಅಂಟಿಸಲಾಯಿತು. ಸ್ಕ್ರೂಡ್ರೈವರ್ ಮಾತ್ರ ತಾಯಿಗೆ ಮರಳಿತು.

ಅಷ್ಟರಲ್ಲಿ ಇನ್ನೊಂದು ಸುತ್ತೋಲೆ ಬಂತು. ಪರಿವೀಕ್ಷಕರು ಬಂದು ನೋಡಿ, ಮನವೊಲಿಕೆಯಲ್ಲಿ ಅತ್ಯುತ್ತಮವೆಂದ ಶಾಲೆಗೆ ಫಲಕ ಮತ್ತು ಅದರ ಮುಖ್ಯಸ್ಥರಿಗೆ ಬಡ್ತಿ. ಹೆಡ್‌ಮಾಸ್ಟರಿಗೆ ನಿವೃತ್ತಿ ಸಮೀಪಿಸಿತ್ತು, ತಿರುಗುವ ಕುರ್ಚಿಯಲ್ಲಿ ಒಂದು ದಿನವಾದರೂ ಕೂರಬೇಕೆಂಬ ಆಸೆಯೂ ಇತ್ತು. ವಕೀಲಮ್ಮನ ವಾದವನ್ನು ಮಾದರಿಯಾಗಿಸಿ ಇಡೀ ಏಳನೇ ತರಗತಿಗೆ ಬಾಯಿಪಾಠ ಮಾಡಿಸಲು ಆಜ್ಞೆಯಾಯಿತು. ಹುಡುಗರೂ ಎದೆಯ ಮೇಲೆ ಕೈಯಿಟ್ಟು, “ಗಾಳಿಯ ಮೇಲೆ ನಮಗೆ ನಂಬಿಕೆಯಿಲ್ಲ” ಎಂದು ಬೆಳಗ್ಗೆ ಸಂಜೆ ಹೇಳತೊಡಗಿದರು.

ವಕೀಲಮ್ಮ ಮತ್ತೆ ಹೆಡ್‌ಮಾಸ್ಟರ ಕೊಠಡಿಗೆ ಹೋದಳು. “ಸಾರ್, ಈಗ ಎಲ್ಲರೂ ಕೇಳ್ತಿದಾರೆ. ಈಗಲಾದರೂ ಹಾಕಿಸಿ.”

“ಈಗಂತೂ ಸಾಧ್ಯವೇ ಇಲ್ಲಮ್ಮ. ನೀನೇ ಯೋಚನೆ ಮಾಡು. ಚಿಲಕ ಹಾಕಿದ ಮೇಲೆ ಪರಿವೀಕ್ಷಕರ ಮುಂದೆ ನಲವತ್ತು ಮಕ್ಕಳು ಚಿಲಕ ಇಲ್ಲ ಅಂದರೆ ಅದು ಸುಳ್ಳಾಗಲ್ವಾ? ಮಕ್ಕಳ ಬಾಯಲ್ಲಿ ಸುಳ್ಳು ಹೇಳಿಸೋ ಶಾಲೆ ನಮ್ಮದಲ್ಲ.”

ಹೆಡ್‌ಮಾಸ್ಟರು ಪ್ರಾಮಾಣಿಕರು, ಅದರಲ್ಲಿ ಎರಡು ಮಾತಿಲ್ಲ.

ಪರಿವೀಕ್ಷಕರು ಬಂದ ದಿನ ಅಂಗಳಕ್ಕೆ ನೀರು ಚಿಮುಕಿಸಿ, ಪೋಷಕರನ್ನೆಲ್ಲ ಕರೆಸಿ ಬೆಂಚುಗಳಲ್ಲಿ ಕೂರಿಸಲಾಗಿತ್ತು. ಮಕ್ಕಳು ಒಬ್ಬರಾದ ಮೇಲೊಬ್ಬರು ಎದ್ದು ಚಿಲಕ ಕೇಳಿದರು. ಕಪ್ಪು ಉಗುರಿನ ಗೆಳತಿ ಕೈಯೆತ್ತಿ ತೋರಿಸಿದಳು. ಉಗುರು ಅಷ್ಟರಲ್ಲಿ ಬೆಳೆದು ಸರಿಹೋಗಿದ್ದರಿಂದ ಅದಕ್ಕೆ ಶಾಯಿ ಬಳಿಯಲಾಗಿತ್ತು. ಪರಿವೀಕ್ಷಕರು ಕರ್ಚೀಫು ತೆಗೆದು ಕಣ್ಣೊರೆಸಿಕೊಂಡರು.

“ಕಲ್ಲು ಹೃದಯವೂ ಕರಗುತ್ತೆ ಕಣ್ರೀ,” ಎಂದರು.

“ಹಾಗಾದರೆ ಚಿಲಕ ಹಾಕಿಸಬಹುದಾ ಸಾರ್?” ಹಿಂದಿನ ಬೆಂಚಿನಿಂದ ವಕೀಲಮ್ಮನ ತಾಯಿ ಕೇಳಿದರು.

ಪರಿವೀಕ್ಷಕರು ಹೌಹಾರಿದರು. “ಹಾಕಿಸಿದರೆ ಮುಂದಿನ ವರ್ಷದ ಮಕ್ಕಳು ಏನನ್ನ ಕೇಳಬೇಕಮ್ಮ? ಅವರಿಗೆ ವಿದ್ಯೆ ಬೇಡವಾ? ಇಂಥ ಒಳ್ಳೇ ಕೊರತೆ ಎಲ್ಲ ಶಾಲೆಗೂ ಸಿಗಲ್ಲ.”

ಬೆಂಚುಗಳಲ್ಲಿ ಕೂತಿದ್ದ ಆರನೇ ತರಗತಿಯ ಪೋಷಕರು ಹೌದು ಹೌದು ಎಂದು ತಲೆದೂಗಿದರು. ತಮ್ಮ ಮಕ್ಕಳ ಪೂರ್ಣಾಂಕವನ್ನು ಯಾರೋ ಎರಡು ನಿಮಿಷದಲ್ಲಿ ಸ್ಕ್ರೂ ಹಾಕಿ ಮುಚ್ಚುವುದು ಅವರಿಗೆ ಸಮ್ಮತವಿರಲಿಲ್ಲ.

ಫಲಕ ಅಲ್ಲೇ ಘೋಷಣೆಯಾಯಿತು. ಹೆಡ್‌ಮಾಸ್ಟರ ಬಡ್ತಿಯೂ ಘೋಷಣೆಯಾಯಿತು. ಪರಿವೀಕ್ಷಕರು ವಕೀಲಮ್ಮನನ್ನು ವೇದಿಕೆಗೆ ಕರೆದು ಬೆನ್ನು ತಟ್ಟಿದರು.

“ನಿನಗೊಂದು ವಿಶೇಷ ಬಹುಮಾನ. ಏನು ಬೇಕೋ ಕೇಳು ಮಗೂ, ಸಂಕೋಚ ಬೇಡ. ಇವತ್ತು ಕಾರಣ ಕೂಡ ಬೇಡ.”

“ಚಿಲಕ,” ಎಂದಳು ವಕೀಲಮ್ಮ.

ಚಪ್ಪಾಳೆ ಬಿತ್ತು. ಹಂಚಿನ ಮೇಲಿದ್ದ ಪಾರಿವಾಳಗಳು ಎದ್ದುಹೋದವು.

“ನೋಡಿದಿರಾ?” ಎಂದು ಪರಿವೀಕ್ಷಕರು ಭಾಷಾ ಮೇಷ್ಟ್ರ ಕೈಕುಲುಕಿದರು. “ಬಹುಮಾನದ ಆಸೆ ತೋರಿಸಿದರೂ ವಿಷಯ ಬಿಟ್ಟು ಒಂದಿಂಚು ಆಚೆ ಹೋಗಲಿಲ್ಲ! ಏನು ತಯಾರಿ ಕಣ್ರೀ!”

ವಕೀಲಮ್ಮನಿಗೆ ಪ್ರಶಸ್ತಿಪತ್ರ ಕೊಡಲಾಯಿತು. ಅವಳು ವೇದಿಕೆ ಇಳಿದು ತಾಯಿಯ ಕಿವಿಯಲ್ಲಿ ಏನೋ ಹೇಳಿದಳು. ಬೆಳಗ್ಗೆಯಿಂದ ಭಾಷಣಗಳೇ ಆಗಿದ್ದವು.

“ಬಾ, ನಾನು ಹಿಡ್ಕೋತೀನಿ,” ಎಂದರು ತಾಯಿ.

ಪರಿವೀಕ್ಷಕರು ಜೀಪಿನ ಕಡೆ ಹೊರಟಾಗ, ವಕೀಲಮ್ಮನ ತಾಯಿ ಪ್ರಶಸ್ತಿಪತ್ರವನ್ನು ಕಂಕುಳಲ್ಲಿ ಇರಿಸಿಕೊಂಡು, ಎರಡೂ ಕೈಯಿಂದ ಟಾಯ್ಲೆಟ್ಟಿನ ಬಾಗಿಲನ್ನು ಎಳೆದು ಹಿಡಿದು ನಿಂತಿದ್ದರು. ಪರಿವೀಕ್ಷಕರು ನಿಂತರು. ಅವರ ಕಣ್ಣು ಮತ್ತೆ ಒದ್ದೆಯಾಯಿತು.

“ಪೋಷಕರ ಸಹಭಾಗಿತ್ವ ಅಂದರೆ ಇದು. ಇಲಾಖೆ ಇಷ್ಟು ವರ್ಷದಿಂದ ಕೇಳ್ತಿರೋದು ಇದನ್ನೇ. ಎಲ್ಲ ಶಾಲೆಯಲ್ಲೂ ಆಗಬೇಕು.”

ಮುಂದಿನ ತಿಂಗಳ ಸುತ್ತೋಲೆಯಂತೆ ಎಲ್ಲ ಶಾಲೆಗಳಲ್ಲೂ ಆಗಿದೆ. ಚಿಲಕವಿದ್ದ ಶಾಲೆಗಳ ಮಕ್ಕಳಿಗೆ ಅನ್ಯಾಯವಾಗದಂತೆ ಅಲ್ಲಿಯ ಚಿಲಕಗಳನ್ನು ತೆಗೆಸಲಾಗಿದೆ. ಬಾಗಿಲು ಹಿಡಿಯಲು ತಾಯಂದಿರು ಸರದಿಯ ಪ್ರಕಾರ ಬರುತ್ತಿದ್ದಾರೆ. ಬರಲಾಗದವರು ಅತ್ತೆಯನ್ನೋ ನಾದಿನಿಯನ್ನೋ ಕಳಿಸುತ್ತಿದ್ದಾರೆ. ನಮ್ಮ ಶಾಲೆಯಲ್ಲಿ ವಕೀಲಮ್ಮನ ತಾಯಿಗೆ ಮಂಗಳವಾರ ಬಂದಿದೆ. ಕೂರಲು ಒಂದು ಸ್ಟೂಲು ಸಿಗಬಹುದೇ ಎಂದು ಅವರು ಮೊನ್ನೆ ವಿಚಾರಿಸಿದರು. ಪ್ರಶ್ನೆ ಬಹಳ ಚೆನ್ನಾಗಿದೆ ಎಂದು ಎಲ್ಲರೂ ಒಪ್ಪಿದ್ದರಿಂದ, ಅದನ್ನು ಎಂಟನೇ ತರಗತಿಯ ಪಠ್ಯಕ್ಕೆ ಸೇರಿಸಲಾಗಿದೆ.