ಪುಟ ಮುನ್ನೂರ ಹದಿನೆಂಟರಲ್ಲಿ ಇಟ್ಟ ಪಾಸ್‌ವರ್ಡ್

ಮಾನ್ಯರೇ,

ಚಪ್ಪಲಿ ಗೂಡಿನ ಮೇಲೆ, ಅಮ್ಮ ಹೆಣೆದ ಬಿಳಿ ಬಟ್ಟೆಯ ಮೇಲೆ, ಎರಡು ಕೊಂಬುಗಳನ್ನೂ ನಾಲ್ಕು ದೀಪಗಳನ್ನೂ ಧರಿಸಿ ಮೂರು ವರ್ಷಗಳಿಂದ ವಿರಾಜಮಾನರಾಗಿರುವ ರೌಟರ್ ಮಹಾಶಯರಾದ ತಮ್ಮ ಸನ್ನಿಧಿಗೆ, ಅದೇ ಚಪ್ಪಲಿ ಗೂಡಿನಿಂದ ಆರು ಹೆಜ್ಜೆ ದೂರದ ಕುರ್ಚಿಯಲ್ಲಿ ಕೂತು ಓದುವ ನಾನು ಮಾಡುವ ನಮಸ್ಕಾರಗಳು. ತಮ್ಮ ಮೈ ಎಂದಿನಂತೆ ಬೆಚ್ಚಗಿದೆಯೆಂದೂ, ದೀಪಗಳು ಆರೋಗ್ಯವಾಗಿವೆಯೆಂದೂ, ಅಮ್ಮ ಬೆಳಿಗ್ಗೆ ಕೊಡವುವ ಧೂಳಿನಿಂದ ತಮಗೆ ಸೀನು ಬಂದಿಲ್ಲವೆಂದೂ ನಂಬಿದ್ದೇನೆ. ಒಂದೇ ಸೂರಿನಡಿ ಇರುವವರಿಗೆ ಪತ್ರ ಬರೆಯುವುದು ಸೌಜನ್ಯವಲ್ಲ, ಬಲ್ಲೆ. ಆದರೆ ನಾನು ತಮ್ಮೊಡನೆ ನೇರವಾಗಿ ವ್ಯವಹರಿಸಿದ ಒಂದೇ ಒಂದು ಸಲ ಏನಾಯಿತೆಂಬುದು ತಮಗೂ ಗೊತ್ತು, ಈ ಕಟ್ಟಡದ ಮೂರೂ ಮಹಡಿಗಳಿಗೂ ಗೊತ್ತು. ಆದ್ದರಿಂದ ಈ ದೂರನ್ನು ಎಲ್ಲರೂ ಓದುವಂತೆ ಬರೆಯುವುದೇ ಕ್ಷೇಮವೆಂದು ಭಾವಿಸಿದ್ದೇನೆ.

ಮೊದಲಿಗೆ ತಮ್ಮ ಗುಣಗಾನ. ಅಮ್ಮ ಇಟ್ಟಿದ್ದ ಹಳೆಯ ಪಾಸ್‌ವರ್ಡ್ ಒಂದರಿಂದ ಎಂಟರವರೆಗಿನ ಅಂಕಿಗಳಾಗಿತ್ತು, ಅದೂ ಕ್ರಮವಾಗಿ. ಮೂರು ವರ್ಷ ತಾವು ಅದನ್ನು ಒಂದು ಮಾತೂ ಆಡದೆ ಸಹಿಸಿಕೊಂಡಿರಿ. ಔಷಧಿ ಡಬ್ಬಿಯೊಳಗೆ ಮಡಚಿಡುವ ಹಾಳೆಯ ಮೇಲಿನ ಸಣ್ಣ ಅಕ್ಷರಗಳನ್ನು ತಿದ್ದುವುದು ನನ್ನ ಉದ್ಯೋಗ. ಒಂದು ಸೊನ್ನೆ ಆಚೀಚೆಯಾದರೆ ಏನಾಗುತ್ತದೆಂದು ತಿಳಿದವನು ನಾನು. ಹಾಗಿದ್ದೂ ಇಷ್ಟು ದಿನ ಸುಮ್ಮನಿದ್ದೆ. ಕಳೆದ ತಿಂಗಳು ಕುತೂಹಲಕ್ಕೆ ತಮ್ಮ ಸೆಟ್ಟಿಂಗ್ಸ್ ಪುಟವನ್ನು ಫೋನಿನಲ್ಲಿ ತೆರೆದು ನೋಡಿದಾಗ, ಮೂರು ಜನರ ಈ ಮನೆಯಲ್ಲಿ ತಮ್ಮ ಕೈ ಹಿಡಿದಿರುವವು ಏಳು ಯಂತ್ರಗಳೆಂದು ತಾವು ಪಟ್ಟಿ ಕೊಟ್ಟಿರಿ. ಮೂರು ಫೋನು, ಅಕ್ಕನ ಲ್ಯಾಪ್‌ಟಾಪು, ಒಂದು ಟೀವಿ, ಅಲ್ಲಿಗೆ ಐದು. ಉಳಿದ ಎರಡರ ಹೆಸರಿನ ಜಾಗದಲ್ಲಿ ತಾವು ಯಾವ ಭಾಷೆಯೂ ಅಲ್ಲದ ಅಕ್ಷರಗಳನ್ನು ಸುರಿದು ಸುಮ್ಮನಾದಿರಿ. ಯಾರ ಹೆಸರನ್ನೂ ಹೇಳದೆ ಎಲ್ಲರ ಮೇಲೂ ಅನುಮಾನ ಹುಟ್ಟಿಸುವ ಈ ಕಲೆ ನಮ್ಮ ದೂರದ ಸಂಬಂಧಿಕರಲ್ಲಿ ಮಾತ್ರ ಇದೆಯೆಂದು ತಿಳಿದಿದ್ದೆ.

ಅನುಮಾನ ಹೋಗಿ ಕೂತದ್ದು ಮೇಲಿನ ಮನೆಯ ಗಡಿಯಾರ ರಿಪೇರಿಯವರ ಮೇಲೆ. ಅದಕ್ಕೆ ನನ್ನ ಬಳಿ ಪುರಾವೆಯಿತ್ತು. ಮಗಳು ಕೊಡಿಸಿದ ಟ್ಯಾಬ್ಲೆಟ್ಟನ್ನು ಎದೆಗೆ ಅವಚಿಕೊಂಡು ಅವರು ನಮ್ಮ ಬಾಗಿಲ ಮುಂದೆ ನಿಂತಿರುವುದನ್ನು ಬಾಗಿಲಿನ ಕಣ್ಣಿನಿಂದ ನಾನು ನಾಲ್ಕು ಸಲ ನೋಡಿದ್ದೆ. ಬೆಲ್ ಒತ್ತುವುದಿಲ್ಲ, ಬಾಗಿಲು ತಟ್ಟುವುದಿಲ್ಲ. ಎರಡು ನಿಮಿಷ ನಿಂತು, ಗಂಟಲು ಸರಿಮಾಡಿಕೊಂಡು, ಮತ್ತೆ ಮೆಟ್ಟಿಲು ಹತ್ತಿ ಹೋಗುತ್ತಾರೆ. ಇದು ಕಳ್ಳತನವಲ್ಲದಿದ್ದರೆ ಮತ್ತೇನೆಂದು ಅಮ್ಮನನ್ನು ಕೇಳಿದೆ. ಮಂಡಿ ನೋವಿರಬೇಕು, ಸುಧಾರಿಸಿಕೊಳ್ಳಲು ನಿಲ್ಲುತ್ತಾರೆ ಎಂದು ಅಮ್ಮ ಅಭಿಪ್ರಾಯಪಟ್ಟರು. ಅಮ್ಮನ ಒಳ್ಳೆಯತನಕ್ಕೆ ಬೀಗ ಹಾಕಲಾಗದು, ತಮಗಾದರೂ ಹಾಕೋಣವೆಂದು ನಿಶ್ಚಯಿಸಿದೆ.

ಕಳೆದ ಬುಧವಾರ ಬೆಳಿಗ್ಗೆ ಎಂಟೂವರೆಗೆ, ಕೆಲಸಕ್ಕೆ ಹೊರಡುವ ಮುಂಚೆ, ಆ ಶುಭಕಾರ್ಯ ನಡೆಯಿತು. ಹೊಸ ಪಾಸ್‌ವರ್ಡಿಗಾಗಿ ಆಗ ಓದುತ್ತಿದ್ದ ಕಾದಂಬರಿಯ ಮೊರೆ ಹೋದೆ. ಅದು ಹಿಮದ ನಾಡಿನ ಒಬ್ಬ ಅಂಚೆಯವನ ಕಥೆ, ಆರುನೂರ ನಲವತ್ತು ಪುಟ, ಅನುವಾದಕರ ಟಿಪ್ಪಣಿಯೇ ಮೂವತ್ತು ಪುಟ. ಆ ಬೆಳಗಿನ ಪುಟದ ಹದಿನಾರು ಪದಗಳ ಮೊದಲಕ್ಷರಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಪೋಣಿಸಿ, ನಡುನಡುವೆ ಪುಟಸಂಖ್ಯೆಯನ್ನು ಒಡೆದು ತುರುಕಿ, ಕೊನೆಗೊಂದು ಆಶ್ಚರ್ಯಸೂಚಕ ಚಿಹ್ನೆ ನೆಟ್ಟೆ. ತಾವು ಹಸಿರು ಗೆರೆಯೆಳೆದು 'ಬಹಳ ಬಲವಾಗಿದೆ' ಎಂದು ಬೆನ್ನು ತಟ್ಟಿದಿರಿ. ಕಚೇರಿಯಲ್ಲಿ ಹದಿನೆಂಟು ವರ್ಷಗಳಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಆ ಉಬ್ಬಿನಲ್ಲಿ, ತಮ್ಮ ಪುಟವನ್ನೇ ತೆರೆಯಲು ಬೇಕಾಗುವ ಇನ್ನೊಂದು ಪಾಸ್‌ವರ್ಡನ್ನೂ ಅದಕ್ಕೇ ಬದಲಿಸಿದೆ. ಮರುಕ್ಷಣ ತಾವು ಮನೆಯ ಎಲ್ಲರನ್ನೂ ಹೊರಗೆ ಹಾಕಿದಿರಿ. ಮೊದಲು ಹೊರಬಿದ್ದವನು, ಬೀಗ ಹಾಕಿದ ನಾನೇ. ಈ ನಿಷ್ಪಕ್ಷಪಾತವನ್ನು ಯಾವ ನ್ಯಾಯಾಲಯದಲ್ಲಿ ಕಾಣಬಹುದು?

ಬಸ್ಸಿಗೆ ಹೊತ್ತಾಗಿತ್ತು. ಸಂಜೆ ಬಂದು ಎಲ್ಲ ಯಂತ್ರಗಳಿಗೂ ಹೊಸ ಪಾಸ್‌ವರ್ಡ್ ಉಣಿಸಿದರಾಯಿತೆಂದು, ಅದನ್ನು ಮನೆಯ ವೈಫೈ ಹೆಸರಿನ ಸಮೇತ ಒಂದು ಚೀಟಿಯಲ್ಲಿ ದುಂಡಗೆ ಬರೆದು, ಕಾದಂಬರಿಯ ಮುನ್ನೂರ ಹದಿನೆಂಟನೆಯ ಪುಟದಲ್ಲಿಟ್ಟೆ. ಅನುವಾದಿತ ಕಾದಂಬರಿಯ ಮುನ್ನೂರ ಹದಿನೆಂಟನೆಯ ಪುಟಕ್ಕಿಂತ ಭದ್ರವಾದ ತಿಜೋರಿಯನ್ನು ನಾನರಿಯೆ. ಲೈಬ್ರರಿಯಿಂದ ತಂದ ಆ ಪುಸ್ತಕದ ಹಿಂಬದಿಯ ಕಾಗದದಲ್ಲಿ ನನಗಿಂತ ಮುಂಚಿನ ಓದುಗರ ಮೊಹರು ಬಿದ್ದು ಆರು ವರ್ಷಗಳಾಗಿದ್ದವು.

ಈಗ ಅಕ್ಕನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ದೂರಿನ ನಿಜವಾದ ಫಿರ್ಯಾದಿ ಅವಳು. ಅಕ್ಕ ನರ್ಸ್. ಅಪ್ಪ ಹಾಸಿಗೆ ಹಿಡಿದಾಗ ಕೆಲಸ ಬಿಟ್ಟಳು, ಅಪ್ಪ ಹೋದ ಮೇಲೆ ಕೆಲಸ ಅವಳನ್ನು ಬಿಟ್ಟಿತು. ಹಾಗೆ ಹನ್ನೊಂದು ವರ್ಷ. ಈ ವರ್ಷ ಹದಿನಾಲ್ಕು ಆಸ್ಪತ್ರೆಗಳಿಗೆ ಅರ್ಜಿ ಹಾಕಿದ್ದಳು, ಒಂದು ಕಡೆಯಿಂದ ಮಾತ್ರ ಕರೆ ಬಂದಿತ್ತು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ವಿಡಿಯೋ ಸಂದರ್ಶನ. ಹೊತ್ತಿಗೆ ಸರಿಯಾಗಿ ಹಾಜರಾಗದವರಿಗೆ ಕೆಲಸದಲ್ಲಿ ಆಸಕ್ತಿಯಿಲ್ಲವೆಂದು ಭಾವಿಸಲಾಗುವುದು ಎಂದು ಪತ್ರದ ಕೊನೆಯಲ್ಲಿ ದಪ್ಪಕ್ಷರದಲ್ಲಿತ್ತು. ಅಕ್ಕನಿಗೆ ಗಾಬರಿಯಾದರೆ ಮನೆ ಒಪ್ಪ ಮಾಡುವ ಅಭ್ಯಾಸ. ಬುಧವಾರ ಅವಳು ಕಪಾಟು ಒರೆಸಿದಳು, ಪರದೆ ಒಗೆದಳು, ಔಷಧಿ ಡಬ್ಬ ಖಾಲಿ ಮಾಡಿದಳು. ಮಧ್ಯಾಹ್ನ ನನ್ನ ಲೈಬ್ರರಿ ಪುಸ್ತಕ ಹಿಂತಿರುಗಿಸುವ ಗಡುವು ಅಂದೇ ಎಂಬುದು ಅವಳ ಕಣ್ಣಿಗೆ ಬಿತ್ತು. ತಮ್ಮನಿಗೆ ತೊಂದರೆಯಾಗದಿರಲೆಂದು ಪುಸ್ತಕವನ್ನು ಒಯ್ದು ಕೊಟ್ಟು ಬಂದಳು.

ಸಂಜೆ ನಾನು ಖಾಲಿ ಕುರ್ಚಿಯನ್ನು ನೋಡುತ್ತ ನಿಂತ ರೀತಿಯನ್ನು ತಾವು ಆರು ಹೆಜ್ಜೆ ದೂರದಿಂದ ಕಂಡಿದ್ದೀರಿ. ವಿಷಯ ತಿಳಿದ ಅಕ್ಕ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನು ಇನ್ನೊಮ್ಮೆ ತೊಳೆದಳು. ಮಾತಾಡಿದವರು ಅಮ್ಮ.

"ಅಲ್ಲ ಕಣೋ, ಮನೆಗೆ ಬೀಗ ಹಾಕೋನು ನೀನು, ಬೀಗದ ಕೈ ಲೈಬ್ರರಿಗೆ ಕೊಟ್ಟು ಬರೋಳು ಇವಳು. ನಿಮ್ಮಿಬ್ಬರನ್ನ ಹೆತ್ತಿದ್ದಕ್ಕೆ ನನಗೇನಾದ್ರೂ ಬಹುಮಾನ ಕೊಡ್ತಾರಾ, ವಿಚಾರಿಸು."

ನೆನಪಿನಿಂದ ಆ ಪಾಸ್‌ವರ್ಡನ್ನು ಇಪ್ಪತ್ತೆರಡು ಬಗೆಯಲ್ಲಿ ಬರೆದು ತಮ್ಮ ಮುಂದಿಟ್ಟೆ. ಇಪ್ಪತ್ತೆರಡು ಸಲವೂ ತಾವು, ಮೊದಲ ಸಲದಷ್ಟೇ ತಾಳ್ಮೆಯಿಂದ, ತಪ್ಪೆಂದು ತಿಳಿಸಿದಿರಿ. ತಂತಿ ಎಳೆಯೋಣವೆಂದರೆ ಅಕ್ಕನ ಲ್ಯಾಪ್‌ಟಾಪಿಗೆ ತಂತಿ ಸಿಗಿಸುವ ತೂತಿಲ್ಲ. ಫೋನಿನಿಂದ ಮಾಡೋಣವೆಂದರೆ ನಮ್ಮ ದಪ್ಪ ಗೋಡೆಗಳೊಳಗೆ ಸಿಗ್ನಲ್ ಸುಳಿಯುವುದಿಲ್ಲ. ಮೆಟ್ಟಿಲ ತಿರುವಿನಲ್ಲಿ ಸಿಗುವುದು ಮಾತಿಗೆ ಸಾಕು, ಮುಖ ತೋರಿಸಲು ಸಾಲದು. ಅಲ್ಲೇ ನಿಂತು ತಮ್ಮ ಕಂಪನಿಗೆ ಫೋನು ಮಾಡಿದೆ. ಬೆನ್ನಿನ ಸಣ್ಣ ತೂತಿಗೆ ಪಿನ್ನು ಚುಚ್ಚಿದರೆ ತಮಗೆ ಎಲ್ಲವೂ ಮರೆತುಹೋಗುವುದೆಂದೂ, ಮರೆತದ್ದನ್ನು ನೆನಪಿಸಲು ಅವರ ಮನುಷ್ಯ ಬರುವುದು ಸೋಮವಾರವೆಂದೂ ಒಬ್ಬ ಹೆಣ್ಣುಮಗಳು ಬಹಳ ಮೃದುವಾಗಿ ಹೇಳಿದಳು. ವಾಪಸು ಬಂದಾಗ ಅಮ್ಮ ತಲೆಯಿಂದ ತೆಗೆದ ಹೇರ್‌ಪಿನ್ನು ಹಿಡಿದು ತಮ್ಮನ್ನು ಮಗುಚಿ ಹಾಕಿ, ತೂತಿಗಾಗಿ ಕನ್ನಡಕ ಸರಿಪಡಿಸಿಕೊಳ್ಳುತ್ತಿದ್ದರು. ಆ ದಿನ ತಮ್ಮ ಪ್ರಾಣ ಉಳಿಸಿದವನು ನಾನು. ಇದನ್ನು ಹಂಗಿಸಲು ಹೇಳುತ್ತಿಲ್ಲ, ದಾಖಲೆಯಲ್ಲಿರಲಿ ಎಂದಷ್ಟೇ.

ಗುರುವಾರ ರಜೆ ಹಾಕಿ, ಲೈಬ್ರರಿಯ ಬಾಗಿಲು ತೆರೆಯುವ ಮುಂಚೆಯೇ ಅಲ್ಲಿದ್ದೆ. ಪುಸ್ತಕ ಬಂದ ಅರ್ಧ ಗಂಟೆಯಲ್ಲೇ ಹೊರಗೆ ಹೋಯಿತು, ಅದನ್ನು ಒಬ್ಬರು ಮೊದಲೇ ಕೇಳಿಟ್ಟಿದ್ದರು ಎಂದು ಲೈಬ್ರರಿಯವರು ಹೇಳಿದರು. ಆರು ವರ್ಷ ಯಾರೂ ಮುಟ್ಟದ ಪುಸ್ತಕವನ್ನು! ಯಾರವರು ಎಂದು ಕೇಳಿದ್ದಕ್ಕೆ, ಯಾರು ಏನು ಓದುತ್ತಾರೆಂಬುದು ಅವರವರ ಸ್ವಂತ ವಿಷಯ, ಪೊಲೀಸರು ಬಂದರೂ ಹೇಳುವುದಿಲ್ಲವೆಂದರು. ಬೇರೆ ಯಾವ ದಿನವಾದರೂ ಆ ಮಾತಿಗೆ ಅವರ ಕೈ ಕುಲುಕುತ್ತಿದ್ದೆ.

ಮನೆಗೆ ಬಂದಾಗ ಹತ್ತೂ ಇಪ್ಪತ್ತು. ಅಕ್ಕ ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟು, ತಲೆ ಬಾಚಿ, ಮುಚ್ಚಿದ ಲ್ಯಾಪ್‌ಟಾಪಿನ ಮುಂದೆ ನೆಟ್ಟಗೆ ಕೂತಿದ್ದಳು. ಅವಳ ಮುಖ ನೋಡಲಾಗದೆ ತಮ್ಮ ಕಡೆ ತಿರುಗಿದೆ; ಆಗಲೇ, ಮಾನ್ಯರೇ, ತಾವು ಸಿಕ್ಕಿಬಿದ್ದದ್ದು. ತಮ್ಮ ಮೂರನೆಯ ದೀಪ ಕಣ್ಣು ಮಿಟುಕಿಸುತ್ತಿತ್ತು. ಯಾರಾದರೂ ತಮ್ಮನ್ನು ಬಳಸುತ್ತಿದ್ದರೆ ಮಾತ್ರ ಮಿಟುಕುವ ದೀಪ ಅದು. ಈ ಮನೆಯ ಯಂತ್ರಗಳೆಲ್ಲ ನಿನ್ನೆಯಿಂದ ಅನಾಥವಾಗಿರುವಾಗ ತಾವು ಯಾರೊಡನೆ ಅಷ್ಟು ಸಲಿಗೆಯಿಂದಿದ್ದಿರಿ? ಪುಸ್ತಕ ಯಾರ ಬಳಿಯಿದೆಯೋ ಅವರು ತಮ್ಮ ಕೈಗೆಟುಕುವಷ್ಟು ಹತ್ತಿರವಿದ್ದಾರೆ ಎಂದಾಯಿತಲ್ಲ. ಮೂರು ವಾರದ ಹಿಂದೆ ಮೆಟ್ಟಿಲ ಮೇಲೆ, ನನ್ನ ಕಂಕುಳಿನ ಪುಸ್ತಕ ನೋಡಿ, ಮುಗಿದ ಮೇಲೆ ನಾನೂ ಓದುತ್ತೇನೆ ಎಂದು ಒಬ್ಬರು ಹೇಳಿದ್ದರು. ಅನುಮಾನದ ಭರದಲ್ಲಿ ಅದನ್ನು ಮರೆತೇಬಿಟ್ಟಿದ್ದೆ.

ಮೇಲಿನ ಮನೆ ಎಂದು ಕೂಗಿದೆ. ಅಕ್ಕ ಲ್ಯಾಪ್‌ಟಾಪು ಎತ್ತಿಕೊಂಡು ಮೆಟ್ಟಿಲು ಹತ್ತಿ ಓಡಿದಳು, ಹಿಂದೆ ನಾನು, ನನ್ನ ಹಿಂದೆ ಕೈಯಲ್ಲಿ ಹೇರ್‌ಪಿನ್ನು ಹಿಡಿದೇ ಅಮ್ಮ. ಗಡಿಯಾರ ರಿಪೇರಿಯವರು ಒಂದು ಕೈಯಲ್ಲಿ ಟ್ಯಾಬ್ಲೆಟ್ಟು, ಇನ್ನೊಂದರಲ್ಲಿ ಕಾದಂಬರಿ ಹಿಡಿದು ಬಾಗಿಲು ತೆರೆದರು. ಮುಖ ಅರಳಿತು.

"ನೀವೇ ಬಂದ್ರಿ. ಚೀಟಿ ನೋಡಿ ಎಷ್ಟು ಖುಷಿಯಾಯ್ತು ಗೊತ್ತಾ? ಮಗಳ ಮುಖ ನೋಡೋಕೆ ಸ್ವಲ್ಪ ವೈಫೈ ಕೊಡ್ತೀರಾ ಅಂತ ಕೇಳೋಣ ಅಂತ ನಾಲ್ಕೈದು ಸಲ ನಿಮ್ಮ ಬಾಗಿಲವರೆಗೂ ಬಂದಿದ್ದೆ. ಬಾಯೇ ಬರಲಿಲ್ಲ. ನೀವಾಗೇ ಅರ್ಥ ಮಾಡ್ಕೊಂಡು, ನಾನು ಓದೋ ಪುಸ್ತಕದಲ್ಲೇ ಇಟ್ಟು ಕಳಿಸಿದ್ದೀರಿ."

ಅಮ್ಮ ನನ್ನ ಕಡೆ ನೋಡಿದರು. ಆ ನೋಟವನ್ನು ಯಾವ ಭಾಷೆಗೂ ಅನುವಾದಿಸಲಾಗದು. ನಾನು, ಪರವಾಗಿಲ್ಲ, ಅದರಲ್ಲೇನಿದೆ ಎಂದೆ.

ಚೀಟಿ ಇತ್ತು. ನನ್ನ ದುಂಡಗಿನ ಅಕ್ಷರಗಳಲ್ಲಿ ಸೊನ್ನೆ ಯಾವುದೆಂದು ನನಗೇ ತಿಳಿಯದೆ ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ತಾವು ಒಪ್ಪಿಕೊಂಡಾಗ ಹತ್ತೂ ಐವತ್ತಾರು. ಸಿಕ್ಕಿದ ಸಂಪರ್ಕವನ್ನು ಮೆಟ್ಟಿಲಿಳಿಸಿ ಒಯ್ಯುವ ಧೈರ್ಯ ಯಾರಿಗೂ ಇರಲಿಲ್ಲ. ಅವರ ಕೆಲಸದ ಮೇಜಿನ ಮೇಲಿನ ತಿರುಪು, ಚಿಮಟಗಳನ್ನೆಲ್ಲ ಬದಿಗೆ ಸರಿಸಿ ಅಕ್ಕನನ್ನು ಕೂರಿಸಿದೆವು. ಆಗ ನಾನು ತಲೆಯೆತ್ತಿ ಗೋಡೆ ನೋಡಿದೆ. ಹತ್ತೊಂಬತ್ತು ಗಡಿಯಾರಗಳಿದ್ದವು. ಎಲ್ಲವೂ ಬಾರಿಸುವ ಗಡಿಯಾರಗಳು. ಅವರ ಕೈಚಳಕದಿಂದಾಗಿ ಎಲ್ಲವೂ ಒಂದು ಕ್ಷಣವೂ ಆಚೀಚೆಯಿಲ್ಲದೆ ಸರಿಯಾಗಿದ್ದವು. ಹನ್ನೊಂದಕ್ಕೆ ಅವೆಲ್ಲ ಒಟ್ಟಿಗೆ ಹನ್ನೊಂದು ಸಲ ಬಾರಿಸಲಿದ್ದವು.

ನಿಂತ ಗಡಿಯಾರಗಳನ್ನು ನಲವತ್ತು ವರ್ಷ ಓಡಿಸಿದ ಮನುಷ್ಯ, ಕಣ್ಣು ಮುಚ್ಚಿಕೊಂಡು, ಮೊದಲ ಲೋಲಕಕ್ಕೆ ಬೆರಳು ಅಡ್ಡ ಹಿಡಿದರು. ಆಮೇಲೆ ನಾವು ಮೂವರೂ ಗೋಡೆಗೆ ಬಿದ್ದೆವು. ಅವರು ಹತ್ತು ನಿಲ್ಲಿಸಿದರು, ನಾನು ಕುರ್ಚಿ ಹತ್ತಿ ಐದು, ಅಮ್ಮ ಕೈಗೆಟುಕಿದ ಮೂರನ್ನು, ಒಂದೊಂದಕ್ಕೂ ಸುಮ್ಮನಿರು ಮಾರಾಯ ಎಂದು ಗದರುತ್ತ. ಪರದೆಯ ಮೇಲೆ ಕನ್ನಡಕದ ಮಹಿಳೆಯೊಬ್ಬರು ಕಾಣಿಸಿಕೊಂಡು ನಮಸ್ಕಾರ ಹೇಳಿದರು. ಅದೇ ಕ್ಷಣ, ಬಾಗಿಲ ಹಿಂದೆ ಮರೆಯಾಗಿದ್ದ ಹತ್ತೊಂಬತ್ತನೆಯದು ಬಾರಿಸತೊಡಗಿತು. ಕೊನೆಯ ಏಟಿನವರೆಗೆ ಆ ಮಹಿಳೆ ಕಾದರು. ಅದೇನು ಸದ್ದು ಎಂದು ಅವರು ಕೇಳಿದಾಗ ಅಕ್ಕ ಒಂದಿಷ್ಟೂ ತಡವರಿಸಲಿಲ್ಲ.

"ಹನ್ನೊಂದು ಗಂಟೆ ಮೇಡಂ. ನಾನು ಹೊತ್ತಿಗೆ ಸರಿಯಾಗಿ ಬಂದಿದ್ದೀನಿ ಅಂತ ಸಾಕ್ಷಿ ಹೇಳ್ತಿದೆ."

ಅವರು ನಕ್ಕರು. ಮುಂದಿನ ನಲವತ್ತು ನಿಮಿಷ ನಾವು ಮೂವರು, ನಿಂತ ಗಡಿಯಾರಗಳ ಕೆಳಗೆ, ಅವುಗಳಷ್ಟೇ ಅಲುಗಾಡದೆ ನಿಂತಿದ್ದೆವು. ಈ ಮಂಗಳವಾರ ನೇಮಕದ ಇಮೇಲು ಬಂತು. ತಮ್ಮ ಮೂಲಕವೇ ಬಂತು, ಅದನ್ನು ಮುಚ್ಚಿಡುವುದಿಲ್ಲ. ಅಕ್ಕ ಅದನ್ನು ನಾಲ್ಕು ಸಲ ಓದಿ, ಎದ್ದು ಹೋಗಿ, ತಮ್ಮ ಕೆಳಗಿನ ಬಿಳಿ ಬಟ್ಟೆಯನ್ನು ಒಗೆದು ಹಾಕಿದಳು. ಅವಳ ಕಡೆಯಿಂದ ಇದಕ್ಕಿಂತ ದೊಡ್ಡ ಸನ್ಮಾನವಿಲ್ಲ.

ಇನ್ನು ನನ್ನ ಕೋರಿಕೆಗಳು. ಮುಂದೆ ಯಾರಾದರೂ ಪಾಸ್‌ವರ್ಡ್ ಬದಲಿಸಲು ಬಂದರೆ, ಕಾರಣವೇನೆಂದು ತಾವು ಮೊದಲು ವಿಚಾರಿಸಬೇಕು. ಅನುಮಾನವೆಂದಾದರೆ, ಬಾಗಿಲು ತೆರೆದು ಕೇಳಿ ಬಾ ಎಂದು ಕಳುಹಿಸಬೇಕು. ಬಾಗಿಲ ಹೊರಗೆ ಮಾತು ಬಾರದೆ ನಿಂತವರನ್ನು ತಮ್ಮ ಕೊಂಬುಗಳು ಗೋಡೆಯಾಚೆಯಿಂದಲೂ ಗುರುತಿಸಬಲ್ಲವಾದ್ದರಿಂದ, ಅಂಥ ಸಂದರ್ಭದಲ್ಲಿ ಒಂದು ಸಣ್ಣ ಕೆಮ್ಮು ಕೆಮ್ಮಿದರೂ ಸಾಕು. ಹಾಗೂ ಆ ಎರಡು ಅಪರಿಚಿತ ಯಂತ್ರಗಳು ಯಾವುವೆಂದು ಈಗ ತಿಳಿದಿದೆ. ಒಂದು ಅಕ್ಕನ ಮಂಚದ ಕೆಳಗಿನ ಪ್ರಿಂಟರು. ಇನ್ನೊಂದು ಬಚ್ಚಲ ಪಕ್ಕದ ತೂಕದ ಯಂತ್ರ; ಅದು ದಿನಾ ಬೆಳಿಗ್ಗೆ ನನ್ನ ತೂಕವನ್ನು ತಮ್ಮ ಮೂಲಕ ಅಕ್ಕನ ಫೋನಿಗೆ ತಲುಪಿಸುತ್ತಿತ್ತಂತೆ. ಯಾರನ್ನಾದರೂ ಹೊರಗೆ ಹಾಕಲೇಬೇಕೆಂಬ ಆಸೆ ತಮಗಿದ್ದರೆ ಅದನ್ನು ಹಾಕಿ, ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ.

ಪಾಸ್‌ವರ್ಡ್ ಹಾಗೇ ಇದೆ. ಚೀಟಿಯೂ ಮೇಲಿನ ಮನೆಯಲ್ಲೇ, ಪುಸ್ತಕದಲ್ಲೇ ಇದೆ. ಟೀವಿ ಅದನ್ನು ಮರೆತಾಗಲೆಲ್ಲ ಅಮ್ಮ ಮೇಲೆ ಹೋಗಿ ಬರೆದುಕೊಂಡು ಬರುತ್ತಾರೆ. ಹೋದವರು ಒಂದು ಗಂಟೆ ಬಿಟ್ಟು ಬರುತ್ತಾರೆ. ಟೀವಿ ಈಚೆಗೆ ದಿನಕ್ಕೆರಡು ಸಲ ಮರೆಯುತ್ತಿದೆ.

ತಪ್ಪಿದ್ದರೆ ತಿದ್ದಿಕೊಳ್ಳಿ, ನನ್ನದಿದ್ದರೆ ಮರೆತುಬಿಡಿ.

ಇಪ್ಪತ್ತೆರಡು ಸಲ ತಿರಸ್ಕೃತನಾಗಿಯೂ
ತಮ್ಮ ವಿಶ್ವಾಸಿ,
ಆರು ಹೆಜ್ಜೆ ದೂರದ ಕುರ್ಚಿಯವನು

ವಿ.ಸೂ.: ಆ ಕಾದಂಬರಿಯಲ್ಲಿ ನನಗಿನ್ನೂ ಅರ್ಧ ಬಾಕಿಯಿದೆ, ಮೇಲಿನ ಮನೆಯವರು ದಿನಕ್ಕೆ ನಾಲ್ಕು ಪುಟದಂತೆ ಓದುತ್ತಿದ್ದಾರೆ, ಕಾಯುತ್ತೇನೆ, ಅದು ದೂರಲ್ಲ. ಆದರೆ ಗಡಿಯಾರವನ್ನು ಬೆನ್ನ ಕಡೆಯಿಂದ ಬಿಚ್ಚಿ ಅಭ್ಯಾಸವಾದವರು ಕಾದಂಬರಿಯ ಕೊನೆಯ ಅಧ್ಯಾಯವನ್ನೇ ಮೊದಲು ಓದುತ್ತಾರೆಂದು ನನಗೆ ತಿಳಿದಿರಲಿಲ್ಲ. ನಿನ್ನೆ ಮೆಟ್ಟಿಲ ಮೇಲೆ ಸಿಕ್ಕವರು, ನಾನು ಕೇಳದೆಯೇ, ಆ ಅಂಚೆಯವನಿಗೆ ಕಡೆಗೆ ಏನಾಗುತ್ತದೆಂದು ಪೂರ್ತಿ ಹೇಳಿಬಿಟ್ಟರು. ಪಾಸ್‌ವರ್ಡ್ ಬದಲಿಸುವ ವಿಧಾನ ನನಗಿನ್ನೂ ನೆನಪಿದೆಯೆಂದು ಅವರಿಗೆ ತಮ್ಮ ಮೂಲಕ ತಿಳಿಸತಕ್ಕದ್ದು.