ಸೂರ್ಯ ಮುಳುಗುವುದರೊಳಗೆ ಬಿ.ಎ. ಆನರ್ಸ್

ಬೇರೆಯವರ ಮನೆಗಳಲ್ಲಿ ದೊಡ್ಡ ತೀರ್ಮಾನಗಳು ಜಾತಕ ನೋಡಿ ಆಗುತ್ತವೆ, ಅಂತಸ್ತು ನೋಡಿ ಆಗುತ್ತವೆ. ಚನ್ನರಾಯಪಟ್ಟಣದ ನಮ್ಮ ಮನೆಯಲ್ಲಿ ಮಾತ್ರ ಎಲ್ಲವೂ ರಾತ್ರಿಯ ಊಟದ ಮೇಲೆ ನಿಂತಿರುತ್ತಿತ್ತು. ರಾತ್ರಿಯ ಊಟ ಅಂದೆನಲ್ಲ, ತಪ್ಪು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ನಮಗೆ ಊಟವಿಲ್ಲ. ಮದುವೆಯ ದಿಬ್ಬಣಗಳನ್ನೇ ಈ ಒಂದು ಕಾರಣಕ್ಕೆ ವಾಪಸು ಕಳಿಸಿದ ಮನೆತನ ನಮ್ಮದು. ನನ್ನ ಬಿ.ಎ. ಆನರ್ಸ್ ಯಾವ ಲೆಕ್ಕ?

೧. ಎರಡು ಗಡಿಯಾರ

ಎರಡನೇ ಮಹಾಯುದ್ಧ ಶುರುವಾಗಿ ಕೆಲವು ವರ್ಷಗಳಾದ ಮೇಲೆ ಸರ್ಕಾರ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಿಬಿಟ್ಟಿತು. ಅಪ್ಪ ತಮ್ಮ ಪಾತ್ರೆ ಅಂಗಡಿಯ ಗಡಿಯಾರವನ್ನು ಆಜ್ಞೆಯಂತೆ ತಿರುಗಿಸಿದರು. ಮನೆಯದನ್ನು ತಿರುಗಿಸಲು ಸ್ಟೂಲು ಹತ್ತಿದಾಗ ಅಜ್ಜಿ ಅಡ್ಡ ನಿಂತಳು. ಅಜ್ಜಿ ಎಂದರೆ ಅಪ್ಪನ ತಾಯಿ. ಮನೆಯ ಯಜಮಾನಿಕೆ ಅವಳದೇ.

"ಸರ್ಕಾರಕ್ಕೆ ಅವಸರ ಇದ್ರೆ ಅದು ಮುಂದೆ ಹೋಗ್ಲಿ. ನಾವು ನಿಧಾನವಾಗಿ ಬರ್ತೀವಿ" ಎಂದಳು.

ಅಪ್ಪ ಸ್ಟೂಲಿನಿಂದ ಇಳಿದರು. ಅಂದಿನಿಂದ ಅವರು ಆರು ಗಂಟೆಗೆ ಅಂಗಡಿ ಮುಚ್ಚಿ, ಕಾಲು ಗಂಟೆ ನಡೆದು, ಐದೂ ಕಾಲಿಗೆ ಮನೆ ಸೇರುತ್ತಿದ್ದರು.

೨. ಕಡಲು ಮತ್ತು ಅತ್ತೆ

ಹಾಸನದಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿ ಚರಿತ್ರೆಯಲ್ಲಿ ಆನರ್ಸ್ ಓದಲು ಎರಡು ಕಡೆ ಅರ್ಜಿ ಹಾಕಿದ್ದೆ. ಒಂದು ಮೈಸೂರು, ಇನ್ನೊಂದು ಮದರಾಸು. ಎರಡೂ ಹೆಸರಾದ ಕಾಲೇಜುಗಳು. ಒಂದರಲ್ಲಿ ಸಿಕ್ಕಿದರೇ ಪುಣ್ಯ ಎಂದುಕೊಂಡವನಿಗೆ ಒಂದೇ ವಾರದಲ್ಲಿ ಎರಡೂ ಕಡೆಯಿಂದ ಸೀಟಿನ ಕಾಗದ ಬಂತು. ಹದಿನೈದು ದಿನದೊಳಗೆ ಉತ್ತರ ಕೊಡಬೇಕಿತ್ತು.

ಮೈಸೂರಿನಲ್ಲಿ ನನ್ನ ಸೋದರತ್ತೆ ಇದ್ದಳು. ಮನೆಯಿಂದ ಕಾಲೇಜಿಗೆ ಹತ್ತು ನಿಮಿಷದ ನಡಿಗೆ. ಸಂಜೆ ಹೊತ್ತು ಮುಳುಗುವ ಮುಂಚೆ ಬಿಸಿ ಊಟ, ಆಮೇಲೆ ಅವಳ ಎದುರಿಗೇ ಕೂತು ಓದು, ಭಾನುವಾರ ಹರಳೆಣ್ಣೆ ಸ್ನಾನ. ಮದರಾಸಿನಲ್ಲಿ ಕಡಲಿತ್ತು, ದೊಡ್ಡ ಪುಸ್ತಕಭಂಡಾರವಿತ್ತು, ನಾನು ಆಸೆಪಟ್ಟು ಓದಿದ್ದ ಪುಸ್ತಕಗಳನ್ನು ಬರೆದ ಪ್ರೊಫೆಸರರಿದ್ದರು.

ಅಜ್ಜಿ ಎರಡೂ ಕಾಗದಗಳನ್ನು ನನ್ನಿಂದ ಓದಿಸಿ ಕೇಳಿದಳು. ಆಮೇಲೆ, "ಎಲ್ಲ ಸರಿ ಕಣೋ, ಮದರಾಸಿನಲ್ಲಿ ಹೊತ್ತು ಎಷ್ಟಕ್ಕೆ ಮುಳುಗುತ್ತೆ?" ಎಂದಳು. ಅದೊಂದನ್ನು ಕಾಗದದಲ್ಲಿ ಬರೆದಿರಲಿಲ್ಲ.

ಅವತ್ತು ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು, ಮದರಾಸೇ ಯಾಕೆ, ನಿಜ ಹೇಳು ಎಂದರು. ಅಲ್ಲಿ ಕಡಲಿದೆ, ಅತ್ತೆ ಇಲ್ಲ ಎಂದೆ. ಅತ್ತೆ ಅವರ ಸ್ವಂತ ತಂಗಿ. ಅಪ್ಪ, "ಎರಡೂ ಒಳ್ಳೇ ಕಾರಣಗಳೇ" ಎಂದರು.

೩. ಇಬ್ಬರು ದೊಡ್ಡ ಮನುಷ್ಯರು

ಹೊಳೆನರಸೀಪುರದಲ್ಲಿ ಅಪ್ಪನಿಗೆ ಗೊತ್ತಿದ್ದ ಒಬ್ಬ ವಕೀಲರು ಮದರಾಸಿನಲ್ಲಿ ಓದಿದವರು. ಅವರ ಬಾಯಿಂದ ಒಳ್ಳೆಯ ಮಾತು ಬಿದ್ದರೆ ಅಜ್ಜಿ ಕರಗಬಹುದೆಂದು ಇಬ್ಬರೂ ಹೋದೆವು. ವಕೀಲರು ಮದರಾಸನ್ನು ಒಂದು ಗಂಟೆ ಹೊಗಳಿದರು. ಮೈಸೂರನ್ನು ಐದೇ ನಿಮಿಷದಲ್ಲಿ ತೆಗೆದುಹಾಕಿದರು. ಕೊನೆಗೆ ಅಪ್ಪ ಅಜ್ಜಿಯ ಪ್ರಶ್ನೆ ಕೇಳಿದರು. ವಕೀಲರ ಮುಖ ಸಪ್ಪಗಾಯಿತು.

"ನೋಡಿ ಸ್ವಾಮಿ, ಅಲ್ಲಿ ಸೂರ್ಯ ಸಮುದ್ರದಿಂದ ಏಳೋದನ್ನ ನೂರು ಸಲ ನೋಡಿದ್ದೀನಿ. ಮುಳುಗೋದನ್ನ ಒಂದು ಸಲಾನೂ ನೋಡಿಲ್ಲ. ನೋಡದೇ ಇರೋದಕ್ಕೆ ಸಾಕ್ಷಿ ಹೇಳೋದು ನನ್ನಿಂದಾಗದು."

ವೃತ್ತಿಯಲ್ಲಿ ಅವರು ಹಾಗೆ ನಡೆದುಕೊಂಡಿದ್ದನ್ನು ಹೊಳೆನರಸೀಪುರದಲ್ಲಿ ಯಾರೂ ಕಂಡಿರಲಿಲ್ಲವಂತೆ.

ಅರಕಲಗೂಡಿನ ಡಾಕ್ಟರು ಮೈಸೂರಿನಲ್ಲಿ ಓದಿದವರು, ಆ ಊರಿನ ಪಕ್ಷ. ಅಜ್ಜಿಯೇ ನಮ್ಮನ್ನು ಅಲ್ಲಿಗೆ ಅಟ್ಟಿದ್ದು. ಡಾಕ್ಟರು ನನ್ನ ನಾಲಿಗೆ ನೋಡಿ, ಮೈಸೂರಿನ ನೀರು ಈ ನಾಲಿಗೆಗೆ ಒಗ್ಗುತ್ತದೆ ಎಂದರು. ಹೊತ್ತು ಮುಳುಗುವ ಮುಂಚೆ ಉಂಡರೆ ರಾತ್ರಿ ಒಂಬತ್ತಕ್ಕೆ ಹಸಿವಾಗುವುದಿಲ್ಲವೇ ಎಂದು ಕೇಳಿದೆ. ಅದಕ್ಕೇನಂತೆ, ತಾವೆಲ್ಲ ಆ ಹೊತ್ತಿಗೆ ಹೋಟೆಲಿಗೆ ಹೋಗಿ ಈರುಳ್ಳಿ ಪಲ್ಯದ ದೋಸೆ ಎರಡೆರಡು ತಿನ್ನುತ್ತಿದ್ದೆವು ಎಂದು ಅವರು ಕಣ್ಣರಳಿಸಿ ವರ್ಣಿಸಿದರು. ನಾನು ಅದನ್ನು ಒಂದಕ್ಷರ ಬಿಡದೆ ಅಜ್ಜಿಗೆ ಒಪ್ಪಿಸಿದೆ. ರಾತ್ರಿಯ ತಿಂಡಿ, ಅದರಲ್ಲೂ ನಾವು ಮುಟ್ಟದ ಈರುಳ್ಳಿ; ಮೈಸೂರು ಅವತ್ತೇ ಬಿದ್ದುಹೋಯಿತೆಂದು ಒಳಗೊಳಗೇ ಹಿಗ್ಗಿದೆ.

ಅಜ್ಜಿ, "ಅತ್ತೆ ಬಾಗಿಲಿಗೆ ಹೊರಗಿನಿಂದ ಬೀಗ ಹಾಕ್ತಾಳೆ ಬಿಡು" ಎಂದಳು.

೪. ಬಾಗೂರಿನ ರೈತ

ಉಳಿದದ್ದು ಒಂದೇ ದಾರಿ. ಮದರಾಸಿನ ಹಾಸ್ಟೆಲಿನ ವಾರ್ಡನ್ನರಿಗೇ ಬರೆದೆ. ಅವರ ಉತ್ತರ ಚೊಕ್ಕವಾಗಿತ್ತು. ಈರುಳ್ಳಿ ಹಾಕದ ಪಂಕ್ತಿ ಬೇರೆ ಇದೆ, ಮೊದಲ ಊಟದ ಗಂಟೆ ಸಂಜೆ ಆರೂವರೆಗೆ, ಸೂರ್ಯಾಸ್ತ ಹಾಸ್ಟೆಲಿನ ಆಡಳಿತಕ್ಕೆ ಒಳಪಟ್ಟಿಲ್ಲ.

ಹಾಸನದಲ್ಲಿ ನನಗೆ ಭೂಗೋಳ ಕಲಿಸಿದ್ದ ಮೇಷ್ಟ್ರು ತಮ್ಮ ಹಳೆಯ ಪುಸ್ತಕದ ಕೋಷ್ಟಕ ತೆಗೆದು ನೋಡಿದರು. ಚಳಿಗಾಲದಲ್ಲಿ ಮದರಾಸಿನ ಸೂರ್ಯ ಐದೂ ನಲವತ್ತಕ್ಕೆ ಮುಳುಗುತ್ತಾನೆ. ಊಟ ಆರೂವರೆಗೆ. ಅಲ್ಲಿಗೆ ನನ್ನ ಕಥೆ ಮುಗಿಯಿತು. ಮೈಸೂರಿಗೆ ತಂತಿ ಕೊಟ್ಟು ಬಾ ಎಂದು ಅಜ್ಜಿ ಹೇಳಿದಳು. ಹದಿನಾಲ್ಕನೆಯ ದಿನ. ಅಂಚೆ ಕಚೇರಿಯ ಕಡೆ ಹೊರಟೆ.

ಬಸ್ ನಿಲ್ದಾಣದಲ್ಲಿ ಬಾಗೂರಿನ ರೈತನೊಬ್ಬ ಮೂಟೆಯ ಮೇಲೆ ಕೂತು ಏಜೆಂಟನನ್ನು ಬಯ್ಯುತ್ತಿದ್ದ. ನನ್ನ ಕೈಯಲ್ಲಿ ಕಾಗದ ಕಂಡು, ಓದಿದವನೆಂದು ನನ್ನನ್ನು ಹಿಡಿದುಕೊಂಡ.

"ಎಂಟೂವರೆ ಬಸ್ಸು ಅಂದ್ರು ಸಾ. ಎಂಟೂವರೆಗೇ ಬಂದಿವ್ನಿ. ಅದು ಏಳೂವರೆಗೇ ಓಗ್ಬುಟ್ಟೈತೆ. ಒಸಾ ಗಂಟೆ ಅಂತೆ. ಗಂಟೇನ ಮುಂದಕ್ಕೆ ತಿರುಗ್ಸಿದ್ರಲ್ಲ, ಸೂರ್ಯಂಗೆ ಯಾರಾದ್ರೂ ಯೇಳಿದ್ರಾ ಸಾ?"

ನಾನು ನಿಂತಲ್ಲೇ ನಿಂತೆ. ವಾರ್ಡನ್ನರ ಆರೂವರೆ ಹೊಸ ಗಂಟೆ. ಮೇಷ್ಟ್ರ ಕೋಷ್ಟಕ ಯುದ್ಧಕ್ಕಿಂತ ಹಿಂದಿನದು. ಹೊಸ ಗಂಟೆಯಲ್ಲಿ ಮದರಾಸಿನ ಸೂರ್ಯ ಚಳಿಗಾಲದಲ್ಲೂ ಆರೂ ನಲವತ್ತರವರೆಗೆ ಇರುತ್ತಾನೆ! ವಕೀಲರಿಗೆ, ಡಾಕ್ಟರಿಗೆ, ಮೇಷ್ಟ್ರಿಗೆ, ಚರಿತ್ರೆಯಲ್ಲಿ ಆನರ್ಸ್ ಮಾಡಹೊರಟ ನನಗೆ ಹೊಳೆಯದ್ದು ಬಸ್ಸು ತಪ್ಪಿದವನಿಗೆ ಹೊಳೆದಿತ್ತು. ಅವನ ಕೈ ಹಿಡಿದು ಕುಲುಕಿ ಮನೆಗೆ ಓಡಿದೆ.

ಅಜ್ಜಿ ಸುಮ್ಮನೆ ನಂಬುವವಳಲ್ಲ. ಸಂಜೆ ಅಂಗಡಿಯ ಗಡಿಯಾರವನ್ನು ಹೊರಿಸಿಕೊಂಡು ಬಂದು ಹಿತ್ತಲಲ್ಲಿ ಇಡಿಸಿದಳು. ಅದರಲ್ಲಿ ಆರೂವರೆ ಹೊಡೆದಾಗ ಸೂರ್ಯ ಹುಣಸೆಮರಕ್ಕಿಂತ ಒಂದಾಳು ಮೇಲಿದ್ದ. ಚಳಿಗಾಲದಲ್ಲಿ ಅಲ್ಲಿ ಹತ್ತೇ ನಿಮಿಷ ಉಳಿಯುತ್ತದೆ ಎಂದು ನಾನೇ ಒಪ್ಪಿಕೊಂಡೆ.

"ಹತ್ತು ನಿಮಿಷ ಸಾಕು. ಎರಡನೇ ಸಲ ಸಾರು ಕೇಳಬೇಡ" ಎಂದಳು. ಮಾರನೆಯ ದಿನ ಮದರಾಸಿಗೆ ತಂತಿ ಹೋಯಿತು.

೫. ಯುದ್ಧ ಮುಗಿಯಿತು

ಎರಡು ವರ್ಷ ಕಡಲು ನೋಡಿದೆ, ಚರಿತ್ರೆ ಓದಿದೆ, ಹತ್ತು ನಿಮಿಷದಲ್ಲಿ ಊಟ ಮಾಡಿದೆ. ಜೀವನದಲ್ಲಿ ಅಷ್ಟು ಸುಖ ಮತ್ತೆ ಕಂಡಿಲ್ಲ. ಮೂರನೆಯ ವರ್ಷ ದಸರಾ ರಜಕ್ಕೆ ಊರಿಗೆ ಬಂದಿದ್ದಾಗ ಅಪ್ಪ ಪತ್ರಿಕೆ ಓದಿ ಹೇಳಿದರು. ಯುದ್ಧ ಮುಗಿದಿರುವುದರಿಂದ ಸರ್ಕಾರ ಗಡಿಯಾರಗಳನ್ನು ಮತ್ತೆ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಿದೆ.

ನನ್ನ ಅಜ್ಜಿ ನೀರನ್ನು ಮೂರು ಸಲ ಸೋಸಿ ಕುಡಿಯುವವಳು. ಇರುವೆ ಸಾಲು ಕಂಡರೆ ಸುತ್ತಿ ಹೋಗುವವಳು. ಬೆರಳು ಮಡಿಸಿ ಲೆಕ್ಕ ಹಾಕಿದಳು. ಹಳೆಯ ಗಂಟೆ ಬಂದರೆ ಹಾಸ್ಟೆಲಿನ ಊಟ ಕತ್ತಲಲ್ಲಿ.

"ಅಲ್ಲ, ಈ ಯುದ್ಧ ಇನ್ನೊಂದು ಆರು ತಿಂಗಳು ನಡೆದಿದ್ರೆ ಏನಾಗ್ತಿತ್ತು? ಹುಡುಗನ ಬಿ.ಎ. ಮುಗೀತಿತ್ತು."

ಅಪ್ಪ ಪತ್ರಿಕೆ ಕೆಳಗಿಟ್ಟು, "ಅಮ್ಮಾ, ಯುದ್ಧಾನಾ?" ಎಂದರು.

ಅಜ್ಜಿಗೆ ತಾನು ಆಡಿದ್ದು ಆಗ ಅರಿವಾಯಿತು. ಕೆನ್ನೆ ಕೆನ್ನೆ ಬಡಿದುಕೊಂಡಳು. ಬಸದಿಗೆ ಹೋಗಿ ತಪ್ಪೊಪ್ಪಿಕೊಂಡು, ಎರಡು ದಿನ ಹನಿ ನೀರೂ ಮುಟ್ಟದೆ ಉಪವಾಸ ಮಾಡಿದಳು. ನನಗೂ ಅಪ್ಪನಿಗೂ ಅಷ್ಟು ದೊಡ್ಡ ಜೀವದ ಮುಂದೆ ನಗು ತಡೆದುಕೊಳ್ಳುವುದೇ ಕಷ್ಟವಾಯಿತು.

ಮೂರನೆಯ ದಿನ ಪಾರಣೆ ಮುಗಿಸಿ ನನ್ನನ್ನು ಹತ್ತಿರ ಕೂರಿಸಿಕೊಂಡಳು.

"ಮದರಾಸಿನಲ್ಲಿ ಓದ್ತಿದ್ದೀಯಲ್ಲ, ಸರ್ಕಾರಕ್ಕೆ ನನ್ನ ಹೆಸರಲ್ಲಿ ಒಂದು ಕಾಗದ ಬರಿ. ಯುದ್ಧ ನಿಲ್ಸಿದ್ದು ಬಹಳ ಒಳ್ಳೇದಾಯ್ತು, ಗಡಿಯಾರ ಮಾತ್ರ ಮುಟ್ಟಬೇಡಿ ಅಂತ."