ಬಂದರಿನಲ್ಲಿ ಉಳಿದ ಯಜಮಾನ

ಹಿಮನದಿಯನ್ನು ಕಣ್ಣಾರೆ ಕಾಣದೆ ಈ ಜೀವ ಬಿಡುವುದಿಲ್ಲ ಎಂದು ನಾನು ಭೀಷ್ಮಪ್ರತಿಜ್ಞೆ ಮಾಡಿದ್ದು ದಾವಣಗೆರೆಯ ಕೆ.ಬಿ. ಬಡಾವಣೆಯ ನಮ್ಮ ಮನೆಯಲ್ಲಿ, ಫ್ಯಾನು ಕೂಡ ಬೆವರುತ್ತಿದ್ದ ಒಂದು ಏಪ್ರಿಲ್ ಮಧ್ಯಾಹ್ನ.

"ಶಕುಂತಲಾ, ಅಲಾಸ್ಕಕ್ಕೆ ಹೋಗೋಣ. ಹಡಗಿನಾಗೆ ಏಳು ದಿನ! ಗ್ಲೇಸಿಯರ್ ತೋರಿಸ್ತೀನಿ ನಿಂಗೆ!"

ನನ್ನ ಹೆಂಡತಿ ಮಜ್ಜಿಗೆ ಲೋಟ ಮುಂದಿಟ್ಟಳು. "ಗ್ಲಾಸಿನಾಗೆ ನಾಕು ಐಸ್ ಹಾಕೀನಿ. ಸದ್ಯ ಇದನ್ನೇ ಗ್ಲೇಸಿಯರ್ ಅನ್ಕೊಂಡು ಕುಡೀರಿ."

ನಾನು ಮುರುಗೇಶಪ್ಪ, ಮೂವತ್ತೈದು ವರ್ಷದಿಂದ ಬಟ್ಟೆ ವ್ಯಾಪಾರಿ. ಗಿರಾಕಿ ಬೇಡವೆಂದಷ್ಟೂ ಒಂದೊಂದೇ ಸೀರೆ ಬಿಚ್ಚಿ ಹಾಸುವವನು. ಹೆಂಡತಿಯನ್ನು ಬಿಡುತ್ತೇನೆಯೇ? ಹರಿಹರದ ಹೆಣ್ಣನ್ನು ತಂದು ಮೂವತ್ತೆರಡು ವರ್ಷವಾಗಿದ್ದರೂ, ನಾನು ಅವಳಿಗೆ ಮಾಡಿಸಿದ ಜಲವಿಹಾರವೆಂದರೆ ಕೊಂಡಜ್ಜಿ ಕೆರೆ ಏರಿಯ ಮೇಲೆ ಅರ್ಧ ಗಂಟೆ ನಿಲ್ಲಿಸಿದ್ದು ಮಾತ್ರ. ಆ ಕಳಂಕ ತೊಳೆಯಲು ಸಮುದ್ರವೇ ಬೇಕಿತ್ತು! ಜೂನ್ ತಿಂಗಳಲ್ಲಿ ಹೊರಟೇಬಿಟ್ಟೆವು.

ಹಡಗೆಂದರೆ ನಮ್ಮ ಬಡಾವಣೆಯನ್ನೇ ಎತ್ತಿ ನೀರಿನ ಮೇಲಿಟ್ಟ ಹಾಗಿತ್ತು. ಹತ್ತಿದ ಗಳಿಗೆಯಿಂದ ನಾನು ಗೈಡ್ ಆದೆ. ಬೆಟ್ಟ ಕಂಡರೆ ಬೆಟ್ಟವೆಂದು, ಮೋಡ ಕಂಡರೆ ಮೋಡವೆಂದು ಅವಳಿಗೆ ವಿವರಿಸಿದೆ.

"ಅಲ್ನೋಡು, ತಿಮಿಂಗಿಲ!"

"ರೀ, ಅದು ಬಂಡೆ."

"ತಿಮಿಂಗಿಲದಂಥ ಬಂಡೆ!"

ಹಡಗಿನ ಇಂಟರ್ನೆಟ್ಟನ್ನು ನನ್ನ ಫೋನಿಗೆ ಮಾತ್ರ ಹಾಕಿಸಿದ್ದೆ. "ನಂಗೆ?" ಎಂದಿದ್ದಳು. "ನಾನು ಪಕ್ಕದಾಗೇ ಇರ್ತೀನಲ್ಲ, ನಿಂಗ್ಯಾಕೆ?" ಎಂದಿದ್ದೆ.

ಮೂರನೆಯ ದಿನ ಹಡಗು ಒಂದು ಪುಟ್ಟ ಕರಾವಳಿ ಊರಿಗೆ ಬಂದು ನಿಂತಿತು. ಅದರ ಹೆಸರು ಹೇಳಲು ನನಗೆ ಇವತ್ತಿಗೂ ನಾಲಿಗೆ ತಿರುಗುವುದಿಲ್ಲ. ಸಂಜೆ ನಾಲ್ಕರೊಳಗೆ ಎಲ್ಲರೂ ವಾಪಸ್ ಹತ್ತಬೇಕು.

"ಮಂಡಿ ನೋಯ್ತೈತೆ, ನಾನು ಮ್ಯಾಲೇ ಕುಂತಿರ್ತೀನಿ," ಎಂದಳು ಶಕುಂತಲಾ. "ದೂರ ಹೋಗಬ್ಯಾಡ್ರಿ. ಹಡಗಿನ ಟೈಮು ಬ್ಯಾರೆ ಅಂತ ಮೈಕಿನಾಗೆ..."

"ನಂಗೆ ಟೈಮ್ ಹೇಳಿಕೊಡ್ತೀಯಾ? ಮೂವತ್ತೈದು ವರ್ಷ ಒಂಬತ್ತೂವರೆ ಅಂದ್ರೆ ಒಂಬತ್ತೂವರೆಗೇ ಷಟರ್ ಎತ್ತಿದೋನು ನಾನು!"

ಇಳಿದೆ. ಚಳಿಗೆ ಹಲ್ಲು ತಾಳ ಹಾಕತೊಡಗಿದ್ದರಿಂದ ಒಂದು ಬಟ್ಟೆ ಅಂಗಡಿಗೆ ನುಗ್ಗಿ ಮಂಡಿಯವರೆಗೆ ಬರುವ ಹಳದಿ ಮಳೆಕೋಟು ಕೊಂಡೆ. ಕೊಂಡವನು ಸುಮ್ಮನೆ ಬರಬಹುದಿತ್ತು. ಆದರೆ ಬಟ್ಟೆ ವ್ಯಾಪಾರಿಯ ಕೈಗೆ ಬಟ್ಟೆ ಸಿಕ್ಕಿದೆ! ನೂಲು, ನೇಯ್ಗೆ, ಹೊಲಿಗೆಗಳ ಬಗ್ಗೆ ಅಂಗಡಿಯ ಮುದುಕನಿಗೆ ನನ್ನ ದಾವಣಗೆರೆ ಇಂಗ್ಲಿಷಿನಲ್ಲಿ ಉಪನ್ಯಾಸ ಕೊಟ್ಟೆ. ಪಾಪ, ಆತ ಮೂರು ಸಲ ಬಾಗಿಲು ತೆರೆದು ಹಿಡಿದ. ಗಾಳಿ ಬರಲಿ ಅಂತಿರಬೇಕು ಅಂದುಕೊಂಡೆ.

ಫೋನು ನೋಡಿದರೆ ಮೂರೂ ಕಾಲು. ಮುಕ್ಕಾಲು ಗಂಟೆ ಮೊದಲೇ ಹೊರಟೆನೆಂಬ ಹೆಮ್ಮೆಯಿಂದ ದಡಕ್ಕೆ ಬಂದರೆ, ಹಡಗು ಅಲುಗಾಡುತ್ತಿದೆ! ನೋಡನೋಡುತ್ತಿದ್ದಂತೆ ದಡಕ್ಕೂ ಅದಕ್ಕೂ ನಡುವೆ ನೀರು ಅಗಲವಾಗುತ್ತಿದೆ!

ಮೇಲಿನ ಅಂತಸ್ತಿನಲ್ಲಿ ನಿಂತ ಜನರೆಲ್ಲ ಊರಿಗೆ ಕೈ ಬೀಸುತ್ತಿದ್ದರು. ಅವರ ನಡುವೆ ಸೀರೆ, ಅದರ ಮೇಲೊಂದು ಹಸಿರು ಸ್ವೆಟರು. ನನ್ನ ಹೆಂಡತಿ!

"ಶಕುಂತಲಾ! ನಾನು ಕಣೇ! ನಿಲ್ಲಿಸ್ರೋ!"

ನಾನು ಎರಡು ಕೈ ಬೀಸಿ, ಕುಣಿದು, ಕೂಗಿದೆ. ಹಳದಿ ಕೋಟು, ತಲೆಗೆ ಟೊಪ್ಪಿಗೆ. ಅವಳಿಗೆ ನನ್ನ ಗುರುತೇ ಸಿಗಲಿಲ್ಲ. ಈ ಊರಿನವನು ಯಾರೋ ಎಷ್ಟು ಪ್ರೀತಿಯಿಂದ ಬೀಳ್ಕೊಡುತ್ತಿದ್ದಾನಲ್ಲ ಎಂದು ಮನಸ್ಸು ತುಂಬಿ, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದಳು!

ಬಂದರಿನ ಕಚೇರಿಯಲ್ಲಿದ್ದ ಹೆಂಗಸು ನನ್ನ ಕೈಗೊಂದು ಲಕೋಟೆ ಕೊಟ್ಟಳು. ತೆರೆದರೆ ನನ್ನದೇ ಪಾಸ್‌ಪೋರ್ಟು! ಹಡಗಿನವರು ತಲೆ ಎಣಿಸಿ, ನಾನಿಲ್ಲವೆಂದು ತಿಳಿದು, ನಮ್ಮ ಕೋಣೆಗೆ ಫೋನ್ ಮಾಡಿದ್ದಾರೆ. ಹೆಂಡತಿ ಮೇಲಿದ್ದಳಲ್ಲ, ಯಾರೂ ಎತ್ತಿಲ್ಲ. ಕೊನೆಗೆ ಕೋಣೆಯ ಪೆಟ್ಟಿಗೆಯಿಂದ ಇದನ್ನು ತೆಗೆದು ಕೊಟ್ಟುಹೋಗಿದ್ದಾರೆ. ನಾನು ಹತ್ತುವುದರೊಳಗೆ ನನ್ನ ಪಾಸ್‌ಪೋರ್ಟು ಇಳಿದಿತ್ತು.

"ನನ್ನ ಫೋನಿನಲ್ಲಿ ಇನ್ನೂ ಮೂರೂವರೆ!" ಎಂದು ಗುಡುಗಿದೆ.

"ಅದು ಈ ಊರಿನ ಸಮಯ. ಹಡಗಿನ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಮೈಕಿನಲ್ಲಿ ಹೇಳಿರುತ್ತಾರಲ್ಲ," ಎಂದಳು ಆಕೆ, ಮೆತ್ತಗೆ.

ಮುಂದಿನದನ್ನೂ ಆಕೆಯೇ ವಿವರಿಸಿದಳು: ನಾಳೆಯಿಡೀ ಹಡಗು ಹಿಮನದಿಗಳ ನಡುವೆ. ನಾಡಿದ್ದು ಮುಂದಿನ ಊರು. ಅಲ್ಲಿಗೆ ಪುಟ್ಟ ವಿಮಾನ ನಾಡಿದ್ದು ಬೆಳಿಗ್ಗೆಯೇ. ಕನ್ನಡದಲ್ಲಿ ಇಂಥ ಜಾಗಕ್ಕೆ ಬಂದರು ಎಂದು ಹೆಸರಿಟ್ಟವರು ಯಾರೋ! ಎಲ್ಲರೂ ಬಂದರು, ನಾನೊಬ್ಬ ಬರಲಿಲ್ಲ.

ಹೆಂಡತಿಯ ಫೋನಿಗೆ ಇಂಟರ್ನೆಟ್ ಹಾಕಿಸಿರಲಿಲ್ಲವಲ್ಲ, ಕಚೇರಿಯ ಹೆಂಗಸೇ ಹಡಗಿಗೆ ಸುದ್ದಿ ಕಳಿಸಿದಳು. ಅರ್ಧ ಗಂಟೆಗೆ ಉತ್ತರ ಬಂತು. ನಾಲ್ಕು ಪುಟ ಬೈಗುಳಕ್ಕೆ ಸಿದ್ಧನಾಗಿದ್ದೆ. "ನಿಮ್ಮ ಹೆಂಡತಿ ಒಂದೇ ಮಾತು ಹೇಳಿದ್ದಾರೆ," ಎಂದಳು. "ಊಟ ಮಾಡಬೇಕಂತೆ."

ಬೈದಿದ್ದರೆ ಚೆನ್ನಾಗಿತ್ತು.

ಹಡಗು ಹೋದ ಮೇಲೆ ಆ ಊರನ್ನು ನೀವು ನೋಡಬೇಕು! ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಬೀದಿಯಲ್ಲಿ ನಾನು, ಒಂದು ನಾಯಿ, ಎರಡು ಕಾಗೆ. ಕಲ್ಲುಬೆಂಚಿನ ಮೇಲೆ ಕೂತು ಜೇಬಿನಲ್ಲಿದ್ದ ಖಾರ ಮಂಡಕ್ಕಿ ಪೊಟ್ಟಣ ಬಿಚ್ಚಿದೆ. "ಈ ಚಳಿ ಹೆಂಗೈತೆ ಅಂದ್ರೆ..." ಎಂದು ಶುರುಮಾಡಿ, ಪಕ್ಕಕ್ಕೆ ನೋಡಿ, ನಿಲ್ಲಿಸಿದೆ. ಹೆಂಗೈತೆ ಅಂತ ಯಾರಿಗೆ ಹೇಳುವುದು?

ಲಾಡ್ಜಿನ ಕೋಣೆಯಲ್ಲಿ ಕೆಟಲ್ ಇತ್ತು. ಚಹಾ ಮಾಡಿದೆ. ಮಾಡಿ ನೋಡಿದರೆ ಎರಡು ಕಪ್ಪು. ಒಂದನ್ನು ಕುಡಿದೆ. ಇನ್ನೊಂದನ್ನು ಚೆಲ್ಲಲು ಮನಸ್ಸಾಗಲಿಲ್ಲ, ಅದನ್ನೂ ಕುಡಿದೆ. ಅದು ಆರಿಹೋಗಿತ್ತು.

ಮಾರನೆಯ ದಿನವಿಡೀ ಅದೇ ಬೆಂಚು. ಈಗ ಅವಳು ಹಿಮನದಿ ನೋಡುತ್ತಿರಬೇಕು ಎಂದುಕೊಂಡೆ. ಯಾವುದು ಏನೆಂದು ಹೇಳುವವರಿಲ್ಲದೆ ಪಾಪ, ಎಷ್ಟು ಪರದಾಡುತ್ತಿದ್ದಾಳೋ!

ಅದರ ಮರುದಿನ ಬೆಳಿಗ್ಗೆ ವಿಮಾನ ಹತ್ತಿದೆ. ಅದರಲ್ಲಿ ನಾಲ್ಕೇ ಸೀಟು. ನನ್ನ ಪಕ್ಕದ ಸೀಟಿನಲ್ಲಿ ಟಪಾಲಿನ ಚೀಲವೊಂದನ್ನು ಬೆಲ್ಟು ಕಟ್ಟಿ ಕೂರಿಸಿದ್ದರು. ಬೆಟ್ಟಗಳ ಸಂದು ದಾಟಿದ್ದೇ ತಡ, ಕೆಳಗೆ ಅದು ಕಂಡಿತು. ಹಿಮನದಿ! ಬಿಳಿ ಅಂದುಕೊಂಡಿದ್ದೆ, ಅದರ ಬಿರುಕುಗಳೊಳಗೆಲ್ಲ ನೀಲಿ. ಎಷ್ಟೋ ಸಾವಿರ ವರ್ಷದಿಂದ ಯಾರ ಜತೆಗೂ ಮಾತಾಡದೆ ಮಲಗಿದೆಯೇನೋ ಎಂಬಂತೆ ಅಷ್ಟು ದೊಡ್ಡ ಮೌನ.

"ನೋಡೇ ಶಕುಂತಲಾ," ಎಂದು ಮೊಣಕೈಯಿಂದ ತಿವಿದೆ. ಟಪಾಲಿನ ಚೀಲ ನನ್ನ ಕಡೆ ವಾಲಿಕೊಂಡಿತು. ಕಣ್ಣಲ್ಲಿ ನೀರು ಬಂತು. ಚಳಿಗೆ ಇರಬಹುದು.

ಮುಂದಿನ ಊರಿನ ದಡದಲ್ಲಿ ಅವಳು ಕಾಯುತ್ತಿದ್ದಳು. ನನ್ನನ್ನು ಕಂಡ ಸಂತೋಷಕ್ಕೆ ಮೂರ್ಛೆ ಹೋದರೆ ಹಿಡಿದುಕೊಳ್ಳಲು ಕೈ ಚಾಚಿಕೊಂಡೇ ಹೋದೆ. ಅವಳು ನನ್ನ ಕೋಟನ್ನು ನೋಡಿ ಬಾಯಿಗೆ ಸೆರಗು ಹಿಡಿದಳು.

"ಅಯ್ಯ ಶಿವನೇ! ಆವತ್ತು ಕುಣೀತಿದ್ದೋರು ನೀವೇನ್ರಿ?"

ನಗುತ್ತಲೇ ಕೇಳಿದಳು, ಆದರೆ ಕಣ್ಣು ಕೆಂಪಗಿದ್ದವು. ತೋಳು ಹಿಡಿದವಳು ಹಡಗು ಹತ್ತುವವರೆಗೂ ಬಿಡಲಿಲ್ಲ.

ಊಟದ ಹಾಲಿನಲ್ಲಿ ಕೂತೆವು. ನನ್ನಷ್ಟೇ ವಯಸ್ಸಿನ, ನರೆತ ಮೀಸೆಯ ಫಿಲಿಪ್ಪೀನ್ಸಿನ ವೇಟರೊಬ್ಬ ಬಂದು, ನನ್ನ ಹೆಂಡತಿಗೆ ಕೈ ಮುಗಿದು, "ನಮಸ್ಕಾರಮ್ಮ!" ಎಂದ.

ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ. "ಇವನಿಗೆ ಕನ್ನಡ ಬರ್ತೈತೇನೆ?"

"ಅದೊಂದೇ ಮಾತು ಬರ್ತೈತಿ. ನಾನೇ ಕಲಿಸಿದ್ದು," ಎಂದಳು. "ನಿನ್ನೆ ಐಸಿನ ಬೆಟ್ಟ ಬಂದಾಗ ಎಲ್ಲಾರೂ ಜೋಡಿ ಜೋಡಿ ನಿಂತಿದ್ರು. ನನಗ್ಯಾರು? ನಮ್ಮಪ್ಪನ ನೆಪ್ಪು ಬಂತು, ಹರಿಹರದ ಹೊಳೆ ನೆಪ್ಪು ಬಂತು. ಇಂವ ಬಿಸಿನೀರು ಕೊಡಾಕೆ ಬಂದ. ಇಂವಂಗೇ ಹೇಳಿದೆ. ಒಂದಕ್ಷರ ತಿಳೀಲಿಲ್ಲ ಪಾಪ, ಆದ್ರೂ ಕೊನೀತನಕ ನಿಂತು ಕೇಳಿದ. ಮೂವತ್ತೆರಡು ವರ್ಷದಾಗೆ ನಾನು ಶುರುಮಾಡಿದ ಮಾತು ನಾನೇ ಮುಗಿಸಿದ್ದು ನಿನ್ನೆ ಒಂದಿನ, ನೋಡ್ರಿ."

ಎರಡು ದಿನದ ಬೆಂಚು ನನಗೆ ಬುದ್ಧಿ ಕಲಿಸಿತ್ತು. "ನಂಗೂ ಹೇಳು ಶಕುಂತಲಾ," ಎಂದೆ. "ನಾನೂ ಕೇಳ್ತೀನಿ."

ಅವಳ ಮುಖ ಅರಳಿತು. "ನಾನಾಗ ಎಂಟು ವರ್ಷದಾಕಿ. ಹೊಳೆ ತುಂಬಿ ಹರೀತಿತ್ತು. ನಮ್ಮಪ್ಪ ನನ್ನ ಹರಿಗೋಲಿನಾಗೆ ಕುಂದ್ರಿಸ್ಕೊಂಡು..."

"ಹರಿಗೋಲು ಯಾಕೆ? ಆಗಲೇ ಸೇತುವೆ ಇತ್ತಲ್ಲೇ! ಹರಿಹರದ ಸೇತುವೆ ಯಾವ ಕಾಲದ್ದು ಗೊತ್ತೇನು ನಿಂಗೆ?"

ಶಕುಂತಲಾ ಚಮಚ ಕೆಳಗಿಟ್ಟಳು. ಕುರ್ಚಿಯನ್ನು ಪೂರ್ತಿ ಆ ಕಡೆ ತಿರುಗಿಸಿಕೊಂಡು ವೇಟರನ್ನು ಕೈಮಾಡಿ ಕರೆದಳು.

"ಬಾರಪ್ಪ, ನಿನಗೇ ಹೇಳ್ತೀನಿ. ಮೊದ್ಲು ಇವರಿಗೊಂದು ಬಿಸಿ ಸೂಪ್ ತಂದಿಡು. ಬಾಯಿಗೊಂದು ಕೆಲಸ ಇರ್ಲಿ!"